ಪೆಟ್ರೋಲ್ ದುಡಿಯುತ್ತೆ, ಬ್ಯಾಟರಿ ಖರ್ಚು ಮಾಡುತ್ತೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಮಧ್ಯಾಹ್ನ, ಅದೂ ಪುಣೆಯಲ್ಲಿ, ನಿದ್ದೆ ಬಿಟ್ಟು ಬಂದಿದ್ದೀರಿ. ಒಂದರಿಂದ ನಾಲ್ಕರವರೆಗೆ ಅಂಗಡಿಯ ಬಾಗಿಲನ್ನೇ ಹಾಕಿಕೊಂಡು ಮಲಗುವ ಊರಿದು. ಹಾಗಾಗಿ ಪೀಠಿಕೆ ಬೇಡ, ನೇರ ವಿಷಯಕ್ಕೆ ಬರುತ್ತೇನೆ.

ಗಾಡಿಗಳ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ನಾನು ಕಾಸ್ಟಿಂಗ್ ನೋಡಿಕೊಳ್ಳುತ್ತೇನೆ. ಎರಕ ಹೊಯ್ಯುವ ಕಾಸ್ಟಿಂಗ್ ಅಲ್ಲ, ಲೆಕ್ಕದ ಕಾಸ್ಟಿಂಗ್. ಈ ಸಭೆಯಲ್ಲಿ ಅರ್ಧ ಜನ ಪಿಂಪ್ರಿ, ಆಕುರ್ಡಿ, ಚಾಕಣ್ ಕಡೆಯ ಗಾಡಿ ಕಾರ್ಖಾನೆಗಳಲ್ಲಿ ದುಡಿಯುವವರೇ ಇದ್ದೀರಿ. ಕ್ಯಾಂಟೀನಿನಲ್ಲಿ ನಿಮ್ಮಲ್ಲೂ ಇದೇ ಮಾತು ಬರುತ್ತಿರಬೇಕು: ಹಳೇ ಕಂಪನಿಗಳು ಉಳಿಯುತ್ತವಾ, ಇಲ್ಲಾ ಎಲೆಕ್ಟ್ರಿಕ್ ಅಂತಲೇ ಹುಟ್ಟಿದ ಹೊಸಬರು ಎಲ್ಲವನ್ನೂ ಬಾಚಿಕೊಳ್ಳುತ್ತಾರಾ? ನಾನು ಇದನ್ನು ಸ್ವಲ್ಪ ಬೇರೆ ಥರ ಕೇಳುತ್ತೇನೆ. ಬೆಳವಣಿಗೆ ಪುಕ್ಕಟೆ ಬರುವುದಿಲ್ಲ. ಯಾರೋ ಮೊದಲೇ ದುಡ್ಡು ಹಾಕಿರುತ್ತಾರೆ. ಯಾರು ಹಾಕಿದರು?

ನಮ್ಮ ಊರಿನ ಚೇತಕ್‌ನಿಂದಲೇ ಶುರು ಮಾಡೋಣ. 2020ರ ಜನವರಿಯಲ್ಲಿ ಬಜಾಜ್ ಎಲೆಕ್ಟ್ರಿಕ್ ಚೇತಕ್ ತಂದಾಗ ಮೊದಲು ಮಾರಿದ್ದು ಎರಡೇ ಊರಲ್ಲಿ, ಪುಣೆ ಮತ್ತು ಬೆಂಗಳೂರು. ಅದೇ ತಿಂಗಳು ಟಿವಿಎಸ್ ಐಕ್ಯೂಬ್ ಬಂತು, ಟಾಟಾ ನೆಕ್ಸಾನ್ ಇವಿ ಕೂಡ ಬಂತು. ಅಂದರೆ ಹಳಬರು ಮಲಗಿರಲಿಲ್ಲ. ಆದರೆ ಬೇಕಂತಲೇ ನಿಧಾನ ನಡೆದರು. ಒಂದೊಂದು ಗಾಡಿ ಮಾರಿದಾಗಲೂ ಕೈಯಿಂದ ದುಡ್ಡು ಹೋಗುವಾಗ ಓಡುವ ಆಸೆ ಯಾರಿಗಿರುತ್ತದೆ?

ಹೊಸಬರು ಓಡಿದರು. ಓಲಾ ಎಲೆಕ್ಟ್ರಿಕ್ 2021ರ ಕೊನೆಯಲ್ಲಿ ಗಾಡಿ ಕೊಡಲು ಶುರು ಮಾಡಿ, ನೋಡನೋಡುತ್ತಲೇ ಮಾರುಕಟ್ಟೆಯ ಮೊದಲ ಸ್ಥಾನಕ್ಕೆ ಬಂತು. ಅದೇ 2021ರಲ್ಲಿ ಪಲ್ಸರ್ 250 ಬಿಡುಗಡೆಯ ಹೊತ್ತಲ್ಲಿ ಬಜಾಜ್ ಆಟೋದ ಮುಖ್ಯಸ್ಥ ರಾಜೀವ್ ಬಜಾಜ್ ತಮಾಷೆ ಮಾಡಿದ್ದು ನಿಮಗೆ ನೆನಪಿರಬಹುದು. ಓಲಾ, ಏಥರ್, ಟಾರ್ಕ್ ಮುಂತಾದ ಹೊಸಬರ ಮೊದಲಕ್ಷರ ಸೇರಿಸಿ 'ಓಟ್ಸ್' ಅಂತ ಹೆಸರಿಟ್ಟು, ಚಾಂಪಿಯನ್‌ಗಳು ಓಟ್ಸನ್ನು ಬೆಳಗಿನ ತಿಂಡಿಗೆ ತಿನ್ನುತ್ತಾರೆ ಅಂದಿದ್ದರು. ಆಗ ತುಂಬಾ ಜನ ನಕ್ಕರು, ಅವರ ಮಾತಿಗಲ್ಲ, ಅವರ ಧೈರ್ಯಕ್ಕೆ.

ಈಗ ಲೆಕ್ಕಕ್ಕೆ ಬರೋಣ. ಸ್ಕೂಟರಿನ ಬ್ಯಾಟರಿ 3 ಯೂನಿಟ್, ಅಂದರೆ 3 ಕಿಲೋವ್ಯಾಟ್ ಅವರ್ ಅಂತಿಟ್ಟುಕೊಳ್ಳಿ. 2024ರಲ್ಲಿ ಜಗತ್ತಿನ ಸರಾಸರಿ ಬ್ಯಾಟರಿ ಬೆಲೆ ಯೂನಿಟ್‌ಗೆ ಸುಮಾರು 115 ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದರೆ ಬ್ಯಾಟರಿಯೊಂದಕ್ಕೇ 29,000 ರೂಪಾಯಿ ಆಯಿತು. ಲಕ್ಷ ರೂಪಾಯಿಯ ಗಾಡಿಯಲ್ಲಿ ಅದೊಂದೇ ಬಾಬ್ತು ಇಷ್ಟು ತಿಂದರೆ ಮೋಟಾರ್, ಕಂಟ್ರೋಲರ್, ಚಾಸಿ, ಡೀಲರ್ ಕಮಿಷನ್, ವಾರಂಟಿಗೆ ಎಷ್ಟು ಉಳಿಯುತ್ತದೆ? ಕಾರಿಗೂ ಇದೇ ಗತಿ. 45 ಯೂನಿಟ್‌ನ ಬ್ಯಾಟರಿ ಅಂದರೆ 4 ಲಕ್ಷದ 40 ಸಾವಿರದ ಹತ್ತಿರ. ಪೆಟ್ರೋಲ್ ಎಂಜಿನ್ ಕಥೆ ಬೇರೆ. ಅದನ್ನು ಮಾಡುವ ಲೈನ್ ಹಾಕಿ ವರ್ಷಗಳೇ ಆಗಿವೆ. ಮೆಷಿನ್‌ಗಳ ಡಿಪ್ರಿಸಿಯೇಷನ್, ಅಂದರೆ ವರ್ಷವರ್ಷ ಖರ್ಚಿಗೆ ಬರೆಯುವ ಸವಕಳಿ, ಮುಗಿದಿದೆ, ಸಾಲ ತೀರಿದೆ. ಹೊರಗೆ ಬರುವ ಪ್ರತಿ ಎಂಜಿನ್‌ನಲ್ಲೂ ಕಾಸು ಉಳಿಯುತ್ತದೆ.

ಈ ಕೊರತೆಯನ್ನು ಮೊದಮೊದಲು ತುಂಬಿದ್ದು ಸರ್ಕಾರ. ಫೇಮ್ ಯೋಜನೆಯಲ್ಲಿ 2021ರ ಜೂನ್‌ನಿಂದ ಯೂನಿಟ್‌ಗೆ 15,000 ರೂಪಾಯಿ ಸಬ್ಸಿಡಿ ಇತ್ತು, ಗಾಡಿ ಬೆಲೆಯ ಶೇ. 40ರ ಮಿತಿಯೊಳಗೆ. ನಮ್ಮ 3 ಯೂನಿಟ್ ಸ್ಕೂಟರಿಗೆ 45,000, ಲಕ್ಷದ ಗಾಡಿಯಾದರೆ ಆ ಮಿತಿಯಿಂದಾಗಿ 40,000! 2024ರ ಬೆಲೆಯಲ್ಲಿ ನೋಡಿದರೆ ಬ್ಯಾಟರಿಯ ಖರ್ಚು ಪೂರ್ತಿ ಅಲ್ಲೇ ಬಂದುಬಿಡುತ್ತಿತ್ತು. 2023ರ ಜೂನ್‌ನಲ್ಲಿ ಮಿತಿ ಶೇ. 15ಕ್ಕೆ ಇಳಿಯಿತು. 2024ರ ಏಪ್ರಿಲ್ ಹೊತ್ತಿಗೆ ಗಾಡಿಗೆ ಹೆಚ್ಚೆಂದರೆ 10,000 ಅಂತಾಯಿತು. ಅಲ್ಲಿಂದ ಮುಂದೆ ಸ್ವಂತ ದುಡ್ಡಿನ ಆಟ.

ಹಳಬರ ಮನೆಯಲ್ಲಿ ದುಡಿಯುವ ಅಣ್ಣ ಇದ್ದ. ಪೆಟ್ರೋಲ್ ಅಣ್ಣ ಸಂಬಳ ತರುತ್ತಾನೆ, ಎಲೆಕ್ಟ್ರಿಕ್ ತಮ್ಮ ಕಾಲೇಜಿಗೆ ಹೋಗುತ್ತಾನೆ. 2024-25ರಲ್ಲಿ ಬಜಾಜ್ ಆಟೋ 50,000 ಕೋಟಿ ರೂಪಾಯಿ ವಹಿವಾಟು ನಡೆಸಿ 8,000 ಕೋಟಿಗೂ ಜಾಸ್ತಿ ಲಾಭ ಮಾಡಿತು. ಚೇತಕ್ ಎಷ್ಟು ತಿಂದರೂ ಪಲ್ಸರ್ ಹಾಗೂ ಆಟೋರಿಕ್ಷಾ ತಂದು ಹಾಕುತ್ತಿದ್ದವು. ಅದೇ ವರ್ಷ ಓಲಾ ಎಲೆಕ್ಟ್ರಿಕ್ ಸುಮಾರು 4,500 ಕೋಟಿ ಆದಾಯಕ್ಕೆ 2,276 ಕೋಟಿ ನಷ್ಟ ತೋರಿಸಿತು. ಅಂದರೆ ರೂಪಾಯಿ ಸಂಪಾದನೆಗೆ ಐವತ್ತು ಪೈಸೆ ನಷ್ಟ. ಅದನ್ನು ತುಂಬಿದವರು 2024ರ ಆಗಸ್ಟಿನಲ್ಲಿ 76 ರೂಪಾಯಿಗೆ ಷೇರು ಕೊಂಡ ನಮ್ಮಂಥವರು. ಇಲ್ಲಿ ಕೂತವರಲ್ಲೂ ಕೆಲವರು ಇರಬೇಕು, ಕೈ ಎತ್ತುವುದೇನೂ ಬೇಡ.

ಅದೇ 2024ರ ಅಕ್ಟೋಬರಿನಲ್ಲಿ ಸರ್ವಿಸ್ ಬಗ್ಗೆ 10,000ಕ್ಕೂ ಹೆಚ್ಚು ದೂರು ಬಂದಿವೆ ಅಂತ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಓಲಾಗೆ ನೋಟಿಸ್ ಕೊಟ್ಟಿತು. ಡಿಸೆಂಬರ್‌ನಲ್ಲಿ ನೋಂದಣಿ ಲೆಕ್ಕದಲ್ಲಿ ಚೇತಕ್ ಮೊದಲ ಸಲ ನಂಬರ್ ಒನ್ ಆಯಿತು. ಆಮೇಲೆ ಟಿವಿಎಸ್ ಅದನ್ನೂ ಹಿಂದೆ ಹಾಕಿತು. ಓಟ್ಸ್ ಮಾತು ಅರ್ಧ ನಿಜವಾಯಿತು ಅನ್ನಿ. ಅರ್ಧ ಯಾಕೆ ಅಂದರೆ ಏಥರ್ ಇನ್ನೂ ಗಟ್ಟಿಯಾಗಿ ನಿಂತಿದೆ. ಅದಕ್ಕೂ 2024-25ರಲ್ಲಿ 812 ಕೋಟಿ ನಷ್ಟ, ಆದರೆ ಹಿಂದಿನ ವರ್ಷಕ್ಕಿಂತ ಕಡಿಮೆ. ಹೊಸಬರಲ್ಲಿ ನನಗೆ ನಂಬಿಕೆ ಇರುವುದು ಈ ಥರದವರ ಮೇಲೆ: ನಿಧಾನ ಬೆಳೆದು, ಗಾಡಿಯ ಮೇಲಿನ ನಷ್ಟವನ್ನು ವರ್ಷವರ್ಷ ಇಳಿಸುವವರು.

ಕಾರಿನ ಜಗತ್ತಿನಲ್ಲಿ ದುಡ್ಡು ಹಾಕಿದವರ ಪಟ್ಟಿ ಇನ್ನೂ ಮಜವಾಗಿದೆ. 2003ರಲ್ಲಿ ಹುಟ್ಟಿದ ಟೆಸ್ಲಾ ಮೊದಲ ಸಲ ಇಡೀ ವರ್ಷ ಲಾಭ ಕಂಡಿದ್ದು 2020ರಲ್ಲಿ, 72 ಕೋಟಿ ಡಾಲರ್. ಆದರೆ ಅದೇ ವರ್ಷ ಮಾಲಿನ್ಯ ನಿಯಮದ ಕ್ರೆಡಿಟ್, ಅಂದರೆ ಮಿತಿಗಿಂತ ಕಡಿಮೆ ಹೊಗೆ ಬಿಟ್ಟಿದ್ದಕ್ಕೆ ಸಿಗುವ ಅಂಕ, ಮಾರಿ ಬಂದ ಹಣವೇ 158 ಕೋಟಿ ಡಾಲರ್. ಅದನ್ನು ಕೊಂಡವರು ಯಾರು? ಹೊಗೆಯ ಮಿತಿ ಮೀರಿದ ಹಳೇ ಕಂಪನಿಗಳು. ಯುರೋಪಿನಲ್ಲಿ 2019ರಲ್ಲಿ ಟೆಸ್ಲಾ ಜೊತೆ ಇಂಥ ಒಪ್ಪಂದಕ್ಕೆ ಬಂದದ್ದು ಫಿಯಟ್ ಕ್ರೈಸ್ಲರ್. ನಮ್ಮ ರಾಂಜಣಗಾವ್‌ನಲ್ಲಿ ಟಾಟಾ ಜೊತೆ ಸೇರಿ ಕಾರ್ಖಾನೆ ನಡೆಸುತ್ತಿದ್ದ ಅದೇ ಫಿಯಟ್. ಒಂದು ಕಡೆ ಟೆಸ್ಲಾಗೆ ದುಡ್ಡು ಕಟ್ಟಿತು, ಇನ್ನೊಂದು ಕಡೆ ಅದರ ಜಂಟಿ ಕಾಂಪೌಂಡಿನೊಳಗೇ ನೆಕ್ಸಾನ್ ತಯಾರಾಗುತ್ತಿತ್ತು.

ಫೋರ್ಡ್ ಈ ಲೆಕ್ಕವನ್ನು ಬಚ್ಚಿಡುವುದಿಲ್ಲ. ಎಲೆಕ್ಟ್ರಿಕ್ ವಿಭಾಗದ ಲೆಕ್ಕ ಬೇರೆಯೇ ಕೊಡುತ್ತದೆ. 2024ರಲ್ಲಿ ಆ ವಿಭಾಗಕ್ಕೆ 510 ಕೋಟಿ ಡಾಲರ್ ನಷ್ಟ. ವ್ಯಾನು, ಟ್ರಕ್ಕು ಮಾರುವ ವಿಭಾಗ ಅದನ್ನು ತುಂಬಿ ಮೇಲೆ ಲಾಭ ತಂದಿತು. ಆದರೆ ತೊಂದರೆಯೂ ಇಲ್ಲೇ ಇದೆ. ಚೆನ್ನಾಗಿ ದುಡಿಯುವ ಗಾಡಿ ಕೈಯಲ್ಲಿದ್ದಾಗ, ಅದರ ಗಿರಾಕಿಯನ್ನು ಕರೆದು ನಷ್ಟದ ಗಾಡಿ ಕೊಡಲು ಯಾವ ಮ್ಯಾನೇಜರ್‌ಗೂ ಮನಸ್ಸು ಬರುವುದಿಲ್ಲ. ಅವನ ಬೋನಸ್ಸಿನ ಪ್ರಶ್ನೆ, ಅಲ್ವಾ?

ಇನ್ನು ಚೀನಾದ ಬಿವೈಡಿ. ಎಲ್ಲರೂ ಅದನ್ನು ಹೊಸಬ ಅಂತ ಕರೆಯುತ್ತಾರೆ, ನಾನು ಒಪ್ಪುವುದಿಲ್ಲ. 1995ರಲ್ಲಿ ಬ್ಯಾಟರಿ ಕಂಪನಿಯಾಗಿ ಶುರುವಾಗಿದ್ದು ಅದು. ಕಾರಿಗೆ ಬರುವ ಮೊದಲೇ ಬ್ಯಾಟರಿಯ ಕಷ್ಟಸುಖ ಎಲ್ಲ ನೋಡಿತ್ತು. 2022ರ ಮಾರ್ಚ್‌ನಲ್ಲಿ ಬರೀ ಪೆಟ್ರೋಲಿನಲ್ಲಿ ಓಡುವ ಕಾರು ಮಾಡುವುದನ್ನೇ ನಿಲ್ಲಿಸಿತು. 2024ರಲ್ಲಿ ಹೈಬ್ರಿಡ್ ಸೇರಿ 42 ಲಕ್ಷಕ್ಕೂ ಹೆಚ್ಚು ಗಾಡಿ ಮಾರಿತು, ಲಾಭದಲ್ಲೇ. ಚಾಕಣ್‌ನಲ್ಲಿ ತಯಾರಾಗುವ ಮಹೀಂದ್ರಾ ಬಿಇ 6 ಕಾರಿನ ಬ್ಯಾಟರಿ ಸೆಲ್ ಬರುವುದೂ ಬಿವೈಡಿಯಿಂದಲೇ. ಕಾರು ಯಾರ ಹೆಸರಲ್ಲಿ ಓಡಿದರೂ ಸೆಲ್ ಮಾಡುವವನಿಗೆ ಅವನ ಪಾಲು ಸಿಕ್ಕೇ ಸಿಗುತ್ತದೆ. ಹಳಬ-ಹೊಸಬ ಅನ್ನುವ ಗೆರೆಗಿಂತ ಈ ಗೆರೆ ಜಾಸ್ತಿ ಮುಖ್ಯ ಅನ್ನುವುದು ನನ್ನ ಲೆಕ್ಕ.

ದುಡ್ಡು ಹಾಕಿದವರಲ್ಲಿ ಒಬ್ಬರ ಹೆಸರು ಯಾವ ವರದಿಯಲ್ಲೂ ಬರುವುದಿಲ್ಲ. ವೆಂಡರ್, ಅಂದರೆ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವವರು. ಭೋಸರಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯಲ್ಲಿ ನನಗೆ ಪರಿಚಯದ ಒಂದು ಗೇರ್ ವರ್ಕ್‌ಶಾಪ್ ಇದೆ, ಮಾಲೀಕರು ಚಿಕ್ಕೋಡಿ ಕಡೆಯವರು. ಪೆಟ್ರೋಲ್ ಗಾಡಿಯ ಗೇರಿಗೆ ಹಲ್ಲು ಕೊರೆಯುವ ಹಾಬಿಂಗ್ ಮಾಡಿ, ಅದನ್ನು ನಯಗೊಳಿಸುವ ಶೇವಿಂಗ್ ಮಾಡಿ, ಕಾಯಿಸಿ ಗಟ್ಟಿ ಮಾಡುವ ಹೀಟ್ ಟ್ರೀಟ್‌ಮೆಂಟ್ ಕೊಟ್ಟರೆ ಮುಗೀತು. ಗೇರು ಸ್ವಲ್ಪ ಕುಂಯ್ ಅಂದರೂ ಎಂಜಿನ್ ಸದ್ದಿನಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲ. ಎಲೆಕ್ಟ್ರಿಕ್ ಗಾಡಿಯಲ್ಲಿ ಎಂಜಿನ್ನೇ ಇಲ್ಲ, ಎಲ್ಲವೂ ಕೇಳಿಸುತ್ತದೆ. ಆದ್ದರಿಂದ ಹಲ್ಲನ್ನು ಮೈಕ್ರಾನ್ ಲೆಕ್ಕದಲ್ಲಿ ಗ್ರೈಂಡ್ ಮಾಡಿ ಕೊಡಬೇಕು. ಆ ಗ್ರೈಂಡಿಂಗ್ ಮೆಷಿನ್ ಹೊರದೇಶದ್ದು, ಬೆಲೆ ಕೋಟಿಗಳಲ್ಲಿ. ಒಂದು ಹೊಸ ಕಂಪನಿಯವರು ಲ್ಯಾಪ್‌ಟಾಪ್ ತೆಗೆದು ಮುಂದಿನ ಮೂರು ವರ್ಷದ ವಾಲ್ಯೂಮ್ ತೋರಿಸಿದರು. ಗೆರೆ ನೆಟ್ಟಗೆ ಮೇಲಕ್ಕೆ ಹೋಗಿತ್ತು. ಇವರು ಬ್ಯಾಂಕ್ ಸಾಲ ಮಾಡಿ ಮೆಷಿನ್ ತಂದರು. ಆರ್ಡರ್ ಅರ್ಧದಷ್ಟೂ ಬರಲಿಲ್ಲ, ಇಎಂಐ ಮಾತ್ರ ಪ್ರತಿ ತಿಂಗಳು ಬರುತ್ತದೆ. ಈಗ ಆ ಮೆಷಿನ್ ಮೇಲೆ ಓಡುತ್ತಿರುವುದು ಹಳೇ ಕಂಪನಿಯೊಂದರ ಎಲೆಕ್ಟ್ರಿಕ್ ಸ್ಕೂಟರ್ ಗೇರು. ಪೀಸ್ ರೇಟಿಗೆ ಪ್ರಾಣ ಹಿಂಡುತ್ತಾರೆ, ಆದರೆ ಶೆಡ್ಯೂಲ್ ಕೊಟ್ಟಷ್ಟು ಮಾಲು ಎತ್ತುತ್ತಾರೆ ಅಂತಾರೆ ಮಾಲೀಕರು.

ಹಳೇ ಕಂಪನಿಗಳಿಗೆ ನಾನು ಹೆಚ್ಚು ಅಂಕ ಕೊಡುವುದು ಇದಕ್ಕೇ. ಬ್ರ್ಯಾಂಡಿಗೂ ಅಲ್ಲ, ಶೋರೂಮಿಗೂ ಅಲ್ಲ. ಅವರ ಮಾತು ನಂಬಿ ಸಾಲ ಮಾಡಬಹುದು ಅನ್ನುವ ಧೈರ್ಯ ಭೋಸರಿಯಲ್ಲೂ ಇದೆ, ಬೆಳಗಾವಿಯ ಫೌಂಡ್ರಿಗಳಲ್ಲೂ ಇದೆ. ಆದರೆ ಪಿಸ್ಟನ್, ವಾಲ್ವ್, ಸೈಲೆನ್ಸರ್ ಮಾತ್ರ ಮಾಡುವವರಿಗೆ ಈ ಮಾತಿನಿಂದ ಸಮಾಧಾನ ಇಲ್ಲ. ಅವರ ಮಾಲು ಎಲೆಕ್ಟ್ರಿಕ್ ಗಾಡಿಗೆ ಬೇಕೇ ಆಗಿಲ್ಲ, ಗಾಡಿ ಯಾರೇ ಮಾಡಲಿ.

2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕು, ಸ್ಕೂಟರು ಮತ್ತು ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಎಲೆಕ್ಟ್ರಿಕ್‌ಗೆ ಮೊದಲಿದ್ದ 5 ಹಾಗೇ ಇದೆ. 23 ಅಂಕದ ಅಂತರ 13ಕ್ಕೆ ಬಂತು. ಪೆಟ್ರೋಲ್ ಅಣ್ಣನಿಗೆ ಇನ್ನಷ್ಟು ವರ್ಷ ಸರ್ವಿಸ್ ಸಿಕ್ಕಿತು, ಅಣ್ಣ ಇಲ್ಲದ ಮನೆಗಳಿಗೆ ಕಷ್ಟ ಹೆಚ್ಚಾಯಿತು. ಮುಂದಿನ ಸಲ ಯಾವುದೇ ಎಲೆಕ್ಟ್ರಿಕ್ ಕಂಪನಿಯ ಫಲಿತಾಂಶ ಪೇಪರಿನಲ್ಲಿ ಬಂದಾಗ ಎಷ್ಟು ಗಾಡಿ ಮಾರಿದರು ಅನ್ನುವುದರ ಜೊತೆಗೆ, ಸರ್ಕಾರದ ಪ್ರೋತ್ಸಾಹಧನ ತೆಗೆದರೆ ಗಾಡಿಗೆ ಎಷ್ಟು ಉಳಿಯಿತು ಅಂತಲೂ ನೋಡಿ. ಹಾಗೇ ವೆಂಡರ್‌ಗಳಿಗೆ ಕೊಡಬೇಕಾದ ಬಾಕಿ ಎಷ್ಟು ಬೆಳೆದಿದೆ ಅನ್ನುವ ಸಾಲನ್ನೂ ಹುಡುಕಿ, ಬ್ಯಾಲೆನ್ಸ್ ಶೀಟಿನಲ್ಲಿ ಅದು ಇದ್ದೇ ಇರುತ್ತದೆ.

ನನ್ನ ಮಾತು ಇಷ್ಟೇ. ಹೊರಗೆ ಚಹಾ ಬಂದಿದೆ ಅಂತ ಸನ್ನೆ ಮಾಡುತ್ತಿದ್ದಾರೆ. ಪ್ರಶ್ನೆ ಇದ್ದವರು ಕೇಳಿ, ಯಾವ ಷೇರು ಕೊಳ್ಳಲಿ ಅನ್ನುವುದೊಂದನ್ನು ಬಿಟ್ಟು.