ಕಳ್ಳನ ಹೊತ್ತು ತಿನ್ನುವ ಬೀಗ

ಕೇಳುಗರಿಗೆಲ್ಲ ನಮಸ್ಕಾರ.

ಮನೆ ಬಾಗಿಲಿನ ಬೀಗ ವಿನ್ಯಾಸ ಮಾಡುವುದು ನನ್ನ ಕೆಲಸ. ಇದು ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಒಂದೇ. ‘ಯಾರಿಗೂ ತೆಗೆಯೋಕೆ ಆಗದ ಬೀಗ ಯಾವುದು, ಹೇಳಿ.’ ಅಂಥ ಬೀಗ ಇಲ್ಲ. ಒಂದು ಕೀಲಿಗೆ ತೆರೆದುಕೊಳ್ಳಲಿ ಅಂತ ಮಾಡಿದ ವಸ್ತು, ತಾಳ್ಮೆ ಇರುವವನಿಗೆ ಕೀಲಿ ಇಲ್ಲದೆಯೂ ತೆರೆದುಕೊಳ್ಳುತ್ತದೆ. ಹಾಗಾದರೆ ಬೀಗ ಯಾಕೆ ಬೇಕು? ಕಳ್ಳನ ಹೊತ್ತು ತಿನ್ನುವುದಕ್ಕೆ ಬೇಕು. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇದೊಂದೇ ಮಾತು. ಬೀಗದ ಕೆಲಸ ಕಳ್ಳನ ಹೊತ್ತು ತಿನ್ನುವುದು.

ಎಷ್ಟು ಹೊತ್ತು? ಯೂರೋಪಿನಲ್ಲಿ ಬಾಗಿಲುಗಳನ್ನು ಪರೀಕ್ಷೆ ಮಾಡಲು ಇಎನ್ 1627 ಅಂತ ಒಂದು ಮಾನದಂಡ ಇದೆ. ಪರೀಕ್ಷೆ ಮಾಡುವವರು ನಿಜವಾಗಿಯೂ ಬಾಗಿಲು ಒಡೆಯಲು ನಿಲ್ಲುತ್ತಾರೆ. ಎರಡನೇ ದರ್ಜೆಯಲ್ಲಿ ಸ್ಕ್ರೂಡ್ರೈವರ್, ಬೆಣೆ, ಇಕ್ಕಳದಂಥ ಸಣ್ಣ ಸಾಮಾನು ಹಿಡಿದು ಬರುತ್ತಾರೆ. ಬಾಗಿಲು 3 ನಿಮಿಷ ತಡೆದರೆ ಪಾಸು. ಮೂರನೇ ದರ್ಜೆಗೆ ಗಡಾರಿಯೂ ಸೇರುತ್ತದೆ, ಅಲ್ಲಿ 5 ನಿಮಿಷ. ಇಷ್ಟೇನಾ ಅಂತ ನಿಮಗೆ ಅನ್ನಿಸಬಹುದು. ಆದರೆ ನೀವೇ ಒಬ್ಬರ ಬಾಗಿಲ ಮುಂದೆ ಗಡಾರಿ ಹಿಡಿದು 5 ನಿಮಿಷ ನಿಂತಿದ್ದೀರಿ ಅಂದುಕೊಳ್ಳಿ. ಪಕ್ಕದ ಮನೆಯ ದೀಪ ಹತ್ತುತ್ತದೆ. ನಾಯಿ ಬೊಗಳುತ್ತದೆ. ಯಾರೋ ಮೆಟ್ಟಿಲು ಹತ್ತಿ ಬರುತ್ತಾರೆ. 5 ನಿಮಿಷ ಸಣ್ಣ ಹೊತ್ತಲ್ಲ.

ಅದಕ್ಕೇ ‘ಎಷ್ಟು ಲಿವರ್ ಇದೆ, ಎಷ್ಟು ಪಿನ್ ಇದೆ’ ಅಂತ ಯಾರಾದರೂ ಕೇಳಿದರೆ ನನಗೆ ಸ್ವಲ್ಪ ಬೇಸರ ಬರುತ್ತದೆ. ಲಿವರ್, ಪಿನ್ ಅಂದರೆ ಬೀಗದೊಳಗೆ ಇರುವ, ಕೀಲಿ ತಕ್ಕ ಎತ್ತರಕ್ಕೆ ಎತ್ತಬೇಕಾದ ಸಣ್ಣ ಲೋಹದ ತುಂಡುಗಳು. ಡಬ್ಬದ ಮೇಲಿನ ಅಂಕಿ ನೋಡಿ ಸುಮ್ನೆ ಸಮಾಧಾನ ಪಡಬೇಡಿ. ಎಷ್ಟು ನಿಮಿಷ ತಡೆಯುತ್ತದೆ ಅಂತ ಕೇಳಿ.

ಯಾಕೆ ಅಂತ ತಿಳಿಯಬೇಕಾದರೆ ಒಮ್ಮೆ ಬೀಗದ ಒಳಗೆ ಹೋಗಬೇಕು. ಅಮೆರಿಕದ ಲೈನಸ್ ಯೇಲ್ 1860ರ ದಶಕದಲ್ಲಿ ರೂಪಿಸಿದ ಪಿನ್ ಬೀಗವನ್ನೇ ತೆಗೆದುಕೊಳ್ಳಿ. ಚಪ್ಪಟೆ ಕೀಲಿ, ಅಂಚಿನಲ್ಲಿ ಏರು ತಗ್ಗು. ಇವತ್ತಿಗೂ ಲೋಕದ ಎಷ್ಟೋ ಬಾಗಿಲುಗಳಲ್ಲಿ ಇರುವುದು ಇದೇ. ಒಳಗೆ ತಿರುಗುವ ಒಂದು ಉರುಳೆ, ಅದರ ಸುತ್ತ ತಿರುಗದ ಗೂಡು. ಎರಡನ್ನೂ ಸೇರಿಸಿ ಮೇಲಿನಿಂದ ಕೊರೆದ ಸಾಲು ತೂತುಗಳು. ಒಂದೊಂದು ತೂತಿನಲ್ಲೂ ಒಂದರ ಮೇಲೊಂದು ಎರಡು ಪಿನ್, ಅವುಗಳ ಮೇಲೆ ಒಂದು ಸ್ಪ್ರಿಂಗ್. ಕೀಲಿ ಇಲ್ಲದಾಗ ಮೇಲಿನ ಪಿನ್ ಅರ್ಧ ಗೂಡಿನಲ್ಲಿ, ಅರ್ಧ ಉರುಳೆಯಲ್ಲಿ ಸಿಕ್ಕಿಕೊಂಡಿರುತ್ತದೆ, ಉರುಳೆ ತಿರುಗುವುದಿಲ್ಲ. ಸರಿಯಾದ ಕೀಲಿ ಹಾಕಿದರೆ ಎರಡು ಪಿನ್‌ಗಳ ನಡುವಿನ ಸಂದು ಉರುಳೆಯ ಅಂಚಿಗೆ ಸರಿಯಾಗಿ ಬಂದು ನಿಲ್ಲುತ್ತದೆ. ಎಲ್ಲ ಪಿನ್‌ಗಳೂ ಹಾಗೆ ನಿಂತರೆ ಉರುಳೆ ತಿರುಗುತ್ತದೆ, ಬೀಗ ತೆರೆಯುತ್ತದೆ.

ಈಗ ಲೆಕ್ಕ ನೋಡಿ. 5 ಪಿನ್, ಒಂದೊಂದಕ್ಕೂ 6 ಎತ್ತರ ಅಂದರೆ 7,776 ಬಗೆಯ ಕೀಲಿ ಮಾಡಬಹುದು. 6 ಪಿನ್ ಆದರೆ 46,656. ಕೇಳಿದರೆ ಧೈರ್ಯ ಬರುತ್ತದೆ, ಅಲ್ವಾ? ಆದರೆ ಬೀಗ ತೆಗೆಯಲು ಬಂದವನು 46,656 ಕೀಲಿ ಹಿಡಿದು ಬರುವುದಿಲ್ಲ. ಉರುಳೆಗೆ ಸ್ವಲ್ಪ ತಿರುಚು ಕೊಡುತ್ತಾನೆ. ಕೊರೆದ ತೂತುಗಳು ಎಂದೂ ಒಂದೇ ಗೆರೆಯಲ್ಲಿ ಇರುವುದಿಲ್ಲ, ಕೂದಲೆಳೆಯಷ್ಟಾದರೂ ಆಚೀಚೆ ಇರುತ್ತವೆ. ಹಾಗಾಗಿ ಯಾವುದೋ ಒಂದು ಪಿನ್ ಮೊದಲು ಬಿಗಿಯಾಗುತ್ತದೆ. ಅದನ್ನು ಎತ್ತಿ ಜಾಗಕ್ಕೆ ಕೂರಿಸುತ್ತಾನೆ. ಆಮೇಲೆ ಇನ್ನೊಂದು ಬಿಗಿಯಾಗುತ್ತದೆ. ಹೀಗೆ ಒಂದೊಂದಾಗಿ ಹೋದರೆ ಗುಣಾಕಾರ ಹೋಗಿ ಬರೀ ಕೂಡುವ ಲೆಕ್ಕ ಉಳಿಯುತ್ತದೆ. 6 ಪಿನ್, 6 ಎತ್ತರ, ಒಟ್ಟು 36. ಅಷ್ಟು ದೊಡ್ಡ ಸಂಖ್ಯೆ ಇಷ್ಟಕ್ಕೆ ಇಳಿಯಿತು.

ಇದನ್ನು ಇಡೀ ಜಗತ್ತಿಗೆ ಕಾಣುವಂತೆ ತೋರಿಸಿದವನು ಅಮೆರಿಕದ ಬೀಗದ ಕೆಲಸಗಾರ ಆಲ್ಫ್ರೆಡ್ ಹಾಬ್ಸ್. ಅವನ ಕತೆ ಹೇಳದೆ ನಾನು ಮುಂದೆ ಹೋಗಲಾರೆ.

1817ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ಹಡಗುಕಟ್ಟೆಯಲ್ಲಿ ಕಳ್ಳತನ ಆಯಿತು. ಅಲ್ಲಿನ ಸರ್ಕಾರ, ಸ್ವಂತ ಕೀಲಿಗೆ ಬಿಟ್ಟು ಬೇರೆ ಯಾವುದಕ್ಕೂ ತೆರೆಯದ ಬೀಗ ಮಾಡಿಕೊಡಿ ಅಂತ ಸ್ಪರ್ಧೆ ಇಟ್ಟಿತು. 1818ರಲ್ಲಿ ಜೆರಮಾಯ ಚಬ್ ಒಂದು ಲಿವರ್ ಬೀಗ ತಂದ. ಅದರಲ್ಲಿ ಒಂದು ಜಾಣತನ ಇತ್ತು. ಯಾರಾದರೂ ಕಡ್ಡಿ ಹಾಕಿ ಒಂದು ಲಿವರನ್ನು ಜಾಸ್ತಿ ಎತ್ತಿಬಿಟ್ಟರೆ ಅದು ಒಂದು ಕೊಕ್ಕೆಗೆ ಸಿಕ್ಕಿಕೊಳ್ಳುತ್ತಿತ್ತು. ಮಾಲೀಕ ಬಂದು ತನ್ನ ಕೀಲಿ ಹಾಕಿದರೆ ಬೀಗ ತೆರೆಯುತ್ತಿರಲಿಲ್ಲ. ಯಾರೋ ಕೈ ಹಾಕಿದ್ದಾರೆ ಅಂತ ಅವನಿಗೆ ಗೊತ್ತಾಗುತ್ತಿತ್ತು. ಅಲ್ಲಿನ ಸೆರೆ ಹಡಗೊಂದರಲ್ಲಿದ್ದ ಕೈದಿಯೊಬ್ಬ ಬೀಗದ ಕೆಲಸ ಬಲ್ಲವನು. ಈ ಬೀಗ ತೆಗೆದರೆ ಬಿಡುಗಡೆ, ಮೇಲೆ 100 ಪೌಂಡ್ ಹಣ ಅಂತ ಅವನಿಗೆ ಆಸೆ ತೋರಿಸಿದರು. ಎರಡು ಮೂರು ತಿಂಗಳು ಒದ್ದಾಡಿ ಅವನು ಕೈ ಚೆಲ್ಲಿದ. ಚಬ್ ಬೀಗದ ಹೆಸರು ಮನೆಮಾತಾಯಿತು.

ಇದಕ್ಕೂ ಮೊದಲು, 1784ರಲ್ಲಿ, ಜೋಸೆಫ್ ಬ್ರಾಮಾ ಬೇರೆಯೇ ಒಂದು ಬೀಗ ಮಾಡಿದ್ದ. ಕೀಲಿ ಒಂದು ಸಣ್ಣ ಕೊಳವೆ. ಅದರ ತುದಿಯಲ್ಲಿ ಬೇರೆ ಬೇರೆ ಆಳದ ಕಚ್ಚುಗಳು. ಕೀಲಿ ಒತ್ತಿದರೆ ಒಳಗೆ ಸುತ್ತಲೂ ನಿಂತ ಪಟ್ಟಿಗಳು ತಮ್ಮ ತಮ್ಮ ಆಳಕ್ಕೆ ಜಾರುತ್ತವೆ. ಆಗ ಮಾತ್ರ ಕೀಲಿ ತಿರುಗುತ್ತದೆ. ಲಂಡನ್ನಿನ ಪಿಕಡಿಲಿಯ ತನ್ನ ಅಂಗಡಿಯ ಕಿಟಕಿಯಲ್ಲಿ ಬ್ರಾಮಾ ಆ ಬೀಗ ಇಟ್ಟು ಬೋರ್ಡು ಹಾಕಿದ. ಇದನ್ನು ತೆಗೆಯುವ ಉಪಕರಣ ತಂದವರಿಗೆ ಆ ಕ್ಷಣವೇ 200 ಗಿನಿ ಕೊಡುತ್ತೇನೆ ಅಂತ. ಬ್ರಾಮಾ 1814ರಲ್ಲಿ ತೀರಿಕೊಂಡ. ಬೋರ್ಡು ಅಲ್ಲೇ ಇತ್ತು. ಹತ್ತಾರು ವರ್ಷ ಕಳೆದರೂ ಹಣ ಯಾರಿಗೂ ಸಿಗಲಿಲ್ಲ.

1851. ಲಂಡನ್ನಿನಲ್ಲಿ ದೊಡ್ಡ ವಸ್ತುಪ್ರದರ್ಶನ. ನ್ಯೂಯಾರ್ಕಿನ ಒಂದು ಬೀಗದ ಕಂಪನಿಯ ಪರವಾಗಿ ಹಾಬ್ಸ್ ಅಲ್ಲಿಗೆ ಬಂದಿದ್ದ. ನಿಮ್ಮ ಎರಡೂ ಬೀಗ ತೆಗೆಯುತ್ತೇನೆ ಅಂದ. ಜುಲೈನಲ್ಲಿ ಸಾಕ್ಷಿಗಳ ಎದುರು ಒಂದು ಉಗ್ರಾಣದ ಬಾಗಿಲಿಗಿದ್ದ ಚಬ್ ಬೀಗದ ಮುಂದೆ ಕುಳಿತ. 25 ನಿಮಿಷಕ್ಕೆ ತೆಗೆದ. ಆಮೇಲೆ ಏನೂ ಹಾಳು ಮಾಡದೆ 7 ನಿಮಿಷದಲ್ಲಿ ಮತ್ತೆ ಹಾಕಿಯೂ ತೋರಿಸಿದ! ಹೇಗೆ ಗೊತ್ತಾ? ಕಳ್ಳನನ್ನು ಹಿಡಿದುಕೊಡಬೇಕಾದ ಆ ಕೊಕ್ಕೆಯೇ ಅವನಿಗೆ ದಾರಿ ತೋರಿಸಿತು. ಕೊಕ್ಕೆ ಬಿದ್ದರೆ ಆ ಲಿವರನ್ನು ಜಾಸ್ತಿ ಎತ್ತಿದ್ದೇನೆ ಅಂತ ಅವನಿಗೆ ತಿಳಿಯುತ್ತಿತ್ತು. ಕೊಕ್ಕೆ ಬಿಡಿಸಿ, ಸ್ವಲ್ಪ ಕಡಿಮೆ ಎತ್ತಿದರಾಯಿತು. ವಿನ್ಯಾಸಕಾರರು ಇದನ್ನು ಮರೆಯಲೇಬಾರದು. ನಿಮ್ಮ ಬೀಗ ಮಾಲೀಕನಿಗೆ ಕೊಡುವ ಸುಳಿವು ಕಳ್ಳನಿಗೂ ಸಿಗುತ್ತದೆ.

ಆಮೇಲೆ ಬ್ರಾಮಾ ಬೀಗ. ಅದರಲ್ಲಿ 18 ಪಟ್ಟಿಗಳು. ಹಾಬ್ಸ್‌ಗೆ 30 ದಿನ ಅವಕಾಶ ಕೊಟ್ಟರು. ತಿರುಚು ಕೊಡುವುದು, ಬಿಗಿಯಾದ ಪಟ್ಟಿ ಹುಡುಕುವುದು, ಕೂರಿಸುವುದು, ಮುಂದಿನದಕ್ಕೆ ಹೋಗುವುದು. ನಾನು ಆಗಲೇ ಹೇಳಿದ ಕೂಡುವ ಲೆಕ್ಕವೇ ಇದು. 16 ದಿನಗಳಲ್ಲಿ ಒಟ್ಟು 51 ಗಂಟೆ ಕೂತು ತೆಗೆದೇಬಿಟ್ಟ. 200 ಗಿನಿ ಅವನ ಕೈ ಸೇರಿತು. ಊರಿಗೆ ಊರೇ ಕಂಗಾಲಾಯಿತು. ಇನ್ನು ಯಾವ ಬೀಗವನ್ನು ನಂಬುವುದು ಅಂತ ಜನ ಗೋಳಾಡಿದರು. ಇದನ್ನೆಲ್ಲ ಬಯಲು ಮಾಡಿದರೆ ಕಳ್ಳರಿಗೆ ಪಾಠ ಹೇಳಿಕೊಟ್ಟ ಹಾಗೆ ಅಂತ ಬೈದವರೂ ಇದ್ದರು. ಕಳ್ಳರಿಗೆ ಇದೆಲ್ಲ ಮೊದಲೇ ಗೊತ್ತು, ಗೊತ್ತಿಲ್ಲದಿರುವುದು ನಿಮಗೆ ಎಂಬುದು ಹಾಬ್ಸ್ ವಾದ. ನಾನು ಅವನ ಕಡೆ.

ಆದರೆ ಆ ಜನ ಒಂದು ವಿಷಯ ನೋಡಲೇ ಇಲ್ಲ. 51 ಗಂಟೆ! ಯಾವ ಕಳ್ಳನಿಗೆ 51 ಗಂಟೆ ಸಿಗುತ್ತದೆ? ಬ್ರಾಮಾ ಬೀಗ ಸೋಲಲಿಲ್ಲ, ಗೆದ್ದಿತು. ಆ ಕಾಲದ ಅತಿ ಚುರುಕು ಕೈಗಳಿಂದ 51 ಗಂಟೆ ತಿಂದುಹಾಕಿತು. ಬೀಗದ ಕೆಲಸ ಕಳ್ಳನ ಹೊತ್ತು ತಿನ್ನುವುದು ಅಂತ ನಾನು ಹೇಳುವುದು ಇದಕ್ಕೇ.

ಈಗಿನ ಬೀಗಗಳಲ್ಲಿ ಹೊತ್ತು ತಿನ್ನುವುದಕ್ಕೆ ನನಗೆ ತುಂಬ ಇಷ್ಟವಾದ ಉಪಾಯ ಒಂದಿದೆ. ಮೇಲಿನ ಪಿನ್ನನ್ನು ನೆಟ್ಟಗೆ ಮಾಡುವ ಬದಲು ಡಮರುವಿನ ಹಾಗೆ ಮಾಡುವುದು. ಎರಡು ತುದಿ ದಪ್ಪ, ನಡು ಸಣ್ಣ. ತೆಗೆಯುವವನು ಅದನ್ನು ಎತ್ತುವಾಗ ಉರುಳೆ ಒಂದಿಷ್ಟು ತಿರುಗಿ ಆ ಸಣ್ಣ ನಡುವಿಗೆ ಹೋಗಿ ಕಚ್ಚಿಕೊಳ್ಳುತ್ತದೆ. ಪಿನ್ ಕೂತಿತು ಅಂತ ಅವನ ಬೆರಳು ಹೇಳುತ್ತದೆ. ಕೂತಿರುವುದಿಲ್ಲ. ಅದನ್ನು ಬಿಡಿಸಬೇಕಾದರೆ ತಿರುಚನ್ನು ಸಡಿಲ ಮಾಡಬೇಕು. ಸಡಿಲ ಮಾಡಿದರೆ ಆಗಲೇ ಕೂರಿಸಿದ ಬೇರೆ ಪಿನ್‌ಗಳು ಬಿದ್ದುಹೋಗುತ್ತವೆ. ಮತ್ತೆ ಮೊದಲಿನಿಂದ. ಲೋಹ ಒಂದು ಗ್ರಾಂ ಕೂಡ ಜಾಸ್ತಿ ಬೇಡ, ಬರೀ ಆಕಾರ ಬದಲಾದರೆ ಸಾಕು. ಬೀಗ ಮಾಡುವ ಆಸೆ ಇರುವ ಹುಡುಗ ಹುಡುಗಿಯರು ಇದೊಂದನ್ನು ದೊಡ್ಡದಾಗಿ ಮಾಡಿ, ಕೈಯಲ್ಲಿ ಹಿಡಿದು ಆಡಿಸಿ ನೋಡಬೇಕು.

ನನಗೆ ಕೊಟ್ಟ ಸಮಯದಲ್ಲಿ ಹಾಬ್ಸ್ ಜಾಸ್ತಿ ಪಾಲು ತಿಂದ. ಉಳಿದದ್ದನ್ನು ಬೇಗ ಹೇಳುತ್ತೇನೆ. ಆದರೆ ಮನೆ ಕಟ್ಟಿಸುವವರು, ಬಾಗಿಲು ಕೂರಿಸುವ ಬಡಗಿಗಳು ದಯವಿಟ್ಟು ಇದನ್ನು ಗಮನವಿಟ್ಟು ಕೇಳಬೇಕು.

ಕಳ್ಳ ಬೀಗದ ಜೊತೆ ಜಾಣತನದ ಪಂದ್ಯ ಕಟ್ಟುವುದಿಲ್ಲ. ಎಲ್ಲಿ ಹೊತ್ತು ಕಡಿಮೆ ಹಿಡಿಯುತ್ತದೋ ಅಲ್ಲಿಗೆ ಹೋಗುತ್ತಾನೆ. ಬಾಗಿಲು ತಳ್ಳಿದ ಕೂಡಲೇ ತಾನಾಗಿ ಬಿದ್ದುಕೊಳ್ಳುವ, ಓರೆ ತುದಿಯ ಸ್ಪ್ರಿಂಗ್ ಚಿಲಕ ಮಾತ್ರ ಇದ್ದರೆ ಸಂದಿಯಲ್ಲಿ ಪ್ಲಾಸ್ಟಿಕ್ ಕಾರ್ಡು ತೂರಿಸಿ ಹಿಂದಕ್ಕೆ ಒತ್ತಬಹುದು. ಪಿನ್‌ಗಳ ತಂಟೆಗೇ ಹೋಗಬೇಕಾಗಿಲ್ಲ. ಅದಕ್ಕೆ ಚೌಕ ತುದಿಯ ಅಗುಳಿ ಬೇಕು. ಕೀಲಿ ತಿರುಗಿಸಿದರೆ ಹೊರಬರಬೇಕು, ಒತ್ತಿದರೆ ಹಿಂದೆ ಸರಿಯಬಾರದು. ಚೌಕಟ್ಟಿನೊಳಗೆ 25 ಮಿಲಿಮೀಟರ್ ಆದರೂ ಹೋಗಿ ಕೂರಬೇಕು.

ಬಾಗಿಲಿನ ಎರಡೂ ಕಡೆ ಕೀಲಿ ಹಾಕುವ ಉದ್ದನೆಯ ಸಿಲಿಂಡರ್ ಬೀಗ ಇದ್ದರೆ ಅದರ ನಡುವನ್ನು ನೋಡಿ. ಸ್ಕ್ರೂ ಹೋಗುವ ತೂತು ಇರುವುದು ಅಲ್ಲೇ, ಲೋಹ ತೆಳ್ಳಗಿರುವುದೂ ಅಲ್ಲೇ. ಸಿಲಿಂಡರ್ ಬಾಗಿಲಿನಿಂದ ಹೊರಗೆ ಚಾಚಿಕೊಂಡಿದ್ದರೆ ಇಕ್ಕಳದಲ್ಲಿ ಹಿಡಿದು ಅಲ್ಲಿಗೇ ಲಟ್ ಅಂತ ಮುರಿಯುತ್ತಾರೆ. ಸುತ್ತಲಿನ ಫಲಕದಿಂದ 3 ಮಿಲಿಮೀಟರ್‌ಗಿಂತ ಜಾಸ್ತಿ ಹೊರಗೆ ಬರಲು ಬಿಡಬೇಡಿ. ಒಳ್ಳೆಯ ವಿನ್ಯಾಸಕಾರರು ಹೊರತುದಿಯ ಹತ್ತಿರ ಬೇಕಂತಲೇ ಒಂದು ಗೀರು ಕೊರೆದಿರುತ್ತಾರೆ. ಮುರಿದರೆ ಆ ತುದಿ ಮಾತ್ರ ಕಳಚಿ ಬರುತ್ತದೆ, ಬೀಗ ಹಾಕಿದ್ದು ಹಾಕಿದ ಹಾಗೇ ಇರುತ್ತದೆ. ಕಳ್ಳ ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಚೌಕಟ್ಟು. ಇದನ್ನು ಎಷ್ಟು ಸಲ ಹೇಳಿದರೂ ಜನ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅಗುಳಿ ಎಷ್ಟೇ ಗಟ್ಟಿ ಇರಲಿ, ಅದು ಹೋಗಿ ಕೂರುವ ತಗಡನ್ನು ಎರಡು ಗಿಡ್ಡ ಸ್ಕ್ರೂ ಹಿಡಿದುಕೊಂಡಿದ್ದರೆ ಒಂದು ಒದೆತಕ್ಕೆ ಮರ ಸೀಳಿ ಬಾಗಿಲು ತೆರೆಯುತ್ತದೆ. ಬೀಗಕ್ಕೆ ಒಂದು ಗೆರೆಯೂ ಬಿದ್ದಿರುವುದಿಲ್ಲ. ದಪ್ಪ ಉಕ್ಕಿನ ಪಟ್ಟಿ ಹಾಕಿ. 75 ಮಿಲಿಮೀಟರ್ ಸ್ಕ್ರೂ ಹಾಕಿ. ಅದು ಚೌಕಟ್ಟನ್ನು ದಾಟಿ ಹಿಂದಿನ ಗಟ್ಟಿ ಮರಕ್ಕೋ ಗೋಡೆಗೋ ಹೋಗಿ ಕಚ್ಚಬೇಕು. ಕೀಲುಗಳ ಕಡೆಗೂ ಹಾಗೇ ಮಾಡಿ. ಬೀಗಕ್ಕೆ ಖರ್ಚು ಮಾಡುವುದಕ್ಕೆ ಮೊದಲು ಈ ಸ್ಕ್ರೂಗಳಿಗೆ ಖರ್ಚು ಮಾಡಿ. ಕಳ್ಳನ ಹೊತ್ತನ್ನು ಇದರಷ್ಟು ಅಗ್ಗವಾಗಿ ತಿನ್ನುವ ಸಾಮಾನು ಇನ್ನೊಂದಿಲ್ಲ.

ಕೀಲಿಯನ್ನು ಕಂಡಕಂಡಲ್ಲಿ ಇಡಬೇಡಿ. 2008ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಸಂಶೋಧಕರು, ಮೇಜಿನ ಮೇಲೆ ಬಿದ್ದಿದ್ದ ಕೀಲಿಯ ಫೋಟೋವನ್ನು ಸುಮಾರು 60 ಮೀಟರ್ ದೂರದ ಮಹಡಿಯಿಂದ ತೆಗೆದು, ಅದರ ಏರು ತಗ್ಗನ್ನು ಲೆಕ್ಕ ಹಾಕಿ ತೋರಿಸಿದರು. ನಕಲಿ ಕೀಲಿ ಇರುವವನಿಗೆ ಹೊತ್ತೇ ಬೇಡ.

ಕೊನೆಗೆ ಬಾಗಿಲ ಒಳಬದಿ. ಒಳಗಿನಿಂದ ಬೀಗ ತೆಗೆಯಲು ಕೀಲಿ ಬೇಕಾಗುವಂತೆ ಮಾಡಬೇಡಿ. ಬೆಂಕಿ ಬಿದ್ದು ಮನೆ ತುಂಬ ಹೊಗೆ ಆಡುವಾಗ ಕೀಲಿ ಹುಡುಕುತ್ತ ಕೂರಲು ಆಗುವುದಿಲ್ಲ. ಅಲ್ಲಿ ಕೈಯಲ್ಲಿ ತಿರುಗಿಸುವ ಗುಬುಟು ಇರಲಿ, ಮಕ್ಕಳಿಗೂ ವಯಸ್ಸಾದವರಿಗೂ ಕತ್ತಲಲ್ಲಿ ಸಿಗುವ ಹಾಗಿರಲಿ. ಬಾಗಿಲ ಪಕ್ಕ ಗಾಜಿದ್ದರೆ, ಒಡೆದು ಕೈ ತೂರಿಸುತ್ತಾರೆ ಎಂಬ ಭಯಕ್ಕೆ ಗುಬುಟು ತೆಗೆಸಬೇಡಿ, ಗಾಜನ್ನು ಬದಲಾಯಿಸಿ. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ ಇರುವ ಲ್ಯಾಮಿನೇಟೆಡ್ ಗಾಜು ಬಿರುಕು ಬಿಟ್ಟರೂ ಹಾಳೆಗೆ ಅಂಟಿಕೊಂಡೇ ನಿಲ್ಲುತ್ತದೆ. ಅದರಲ್ಲಿ ಕೈ ಹೋಗುವಷ್ಟು ತೂತು ಮಾಡಬೇಕಾದರೆ ಮತ್ತೆ ಮತ್ತೆ ಬಡಿಯಬೇಕು, ಆ ಸದ್ದು ಬೀದಿಗೆಲ್ಲ ಕೇಳುತ್ತದೆ.

ನಮಸ್ಕಾರ.