ಪೇಂಟ್ ಬೇಡ ಅಂತ ಬೋಟ್‌ಗೆ ವಿನೈಲ್ ಅಂಟಿಸಿದೆವು, ಮರುದಿನವೇ ಅಂಚು ಎದ್ದಿತು

ಎಲ್ಲರಿಗೂ ನಮಸ್ಕಾರ. ಚಿತ್ರ ಸ್ವಲ್ಪ ಅಲ್ಲಾಡುತ್ತಿದೆ, ಕ್ಯಾಮೆರಾವನ್ನು ಏಣಿಗೆ ಕಟ್ಟಿದ್ದೇನೆ. ಹಿಂದೆ ಕಾಣುತ್ತಿರುವುದು ನಮ್ಮ ಫೈಬರ್ ಬೋಟ್. ಒಂದು ಕಾಲದಲ್ಲಿ ಕಡುನೀಲಿ ಇತ್ತು. ಈಗ ಕೈಯಿಂದ ಸವರಿದರೆ ನೋಡಿ, ಬೆರಳಿಗೆ ಸೀಮೆಸುಣ್ಣದ ಹಾಗೆ ಪುಡಿ ಹತ್ತುತ್ತದೆ. ಜೆಲ್‌ಕೋಟ್ ಬಿಸಿಲಿಗೆ ಸತ್ತುಹೋಗಿದೆ. ಜೆಲ್‌ಕೋಟ್ ಅಂದರೆ ಫೈಬರ್ ಮೇಲಿನ ಹೊಳಪಿನ ಪದರ, ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ದಪ್ಪ.

ಮೊದಲು ಪೇಂಟ್ ಮಾಡಿಸುವುದು ಅಂತಲೇ ಇದ್ದೆ. ಬೋಟ್‌ಗೆ ಒಳ್ಳೆಯ ಪೇಂಟ್ ಅಂದರೆ ಎರಡು ಡಬ್ಬಿಯದ್ದು, ಪಾಲಿಯುರೆಥೇನ್. ಬೆರೆಸುವ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇರುತ್ತದೆ. ಅದನ್ನು ಸ್ಪ್ರೇ ಮಾಡುವಾಗ ಮಾಮೂಲಿ ಮಾಸ್ಕ್ ಸಾಲದು, ಹೊರಗಿನಿಂದ ಗಾಳಿ ಕೊಡುವ ಮಾಸ್ಕ್ ಬೇಕು. ಒಮ್ಮೆ ಶ್ವಾಸಕೋಶಕ್ಕೆ ಹೋಗಿ ಅಲರ್ಜಿ ಶುರುವಾದರೆ ಆಮೇಲೆ ಜೀವನಪೂರ್ತಿ ಅದರ ಹತ್ತಿರ ಸುಳಿಯುವ ಹಾಗಿಲ್ಲ. ಜೊತೆಗೆ ಧೂಳು ಬೀಳದ ಮುಚ್ಚಿದ ಜಾಗ ಬೇಕು. ನಮ್ಮ ಹತ್ತಿರ ಇರುವುದು ಒಂದು ಟಾರ್ಪಾಲಿನ್ ಅಷ್ಟೆ. ನನ್ನ ತಮ್ಮ ಉಸಿರಾಡುವ ಜಾಗದಲ್ಲಿ ಆ ಕೆಲಸ ಮಾಡಲು ನನಗೆ ಮನಸ್ಸು ಬರಲಿಲ್ಲ. ಅದಕ್ಕೇ ವಿನೈಲ್, ಅಂದರೆ ಹಿಂಬದಿಯಲ್ಲಿ ಅಂಟು ಇರುವ ತೆಳ್ಳನೆಯ ಪಿವಿಸಿ ಪ್ಲಾಸ್ಟಿಕ್ ಹಾಳೆ.

ಇದೇ ನೋಡಿ ರೋಲ್. ವಿನೈಲ್‌ನಲ್ಲಿ ಎರಡು ಜಾತಿ. ಬಿಸಿ ರೋಲರ್‌ಗಳ ನಡುವೆ ಒತ್ತಿ ಎಳೆದು ಮಾಡಿದ್ದು ಒಂದು, ಕ್ಯಾಲೆಂಡರ್ಡ್ ಅಂತಾರೆ. ದ್ರವವನ್ನು ಹಾಳೆಯ ಮೇಲೆ ತೆಳ್ಳಗೆ ಹರಡಿ, ಬಿಸಿ ಮಾಡಿ ಒಣಗಿಸಿದ್ದು ಇನ್ನೊಂದು, ಅದು ಕಾಸ್ಟ್. ಎಳೆದು ಮಾಡಿದ ಹಾಳೆ ಬಿಸಿಲು ಬಿದ್ದಾಗ ಮತ್ತೆ ಕುಗ್ಗಲು ನೋಡುತ್ತದೆ. ಬೋಟ್‌ನ ಮೈ ಎಲ್ಲಾ ಕಡೆ ಬಾಗಿರುತ್ತದೆ, ಅಲ್ವಾ? ಅಲ್ಲಿ ಕುಗ್ಗುವ ಹಾಳೆ ಬೇಡವೇ ಬೇಡ. ಕಾಸ್ಟ್ ತೆಳ್ಳಗೆ, ಸುಮಾರು 50 ಮೈಕ್ರಾನ್. ದುಡ್ಡು ಜಾಸ್ತಿ, ಆದರೂ ಅದನ್ನೇ ತೆಗೆದುಕೊಳ್ಳಿ. ಇದರಲ್ಲಿ ರಾಜಿ ಬೇಡ.

ತೊಳೆಯುವುದು, ಉಜ್ಜುವುದು, ಗುಂಡಿ ತುಂಬುವುದು ಎಲ್ಲ ವಿಡಿಯೋದಲ್ಲಿ ಓಡುತ್ತಿದೆ, ನಾನು ಹೇಳುವುದಿಲ್ಲ. ಒಂದೇ ಮಾತು. ತೆಳ್ಳನೆಯ ಹಾಳೆ ಏನನ್ನೂ ಮುಚ್ಚುವುದಿಲ್ಲ. ಒಂದು ಮರಳಿನ ಕಾಳು ಉಳಿದರೂ ಮೇಲೆ ಮೊಡವೆ ಹಾಗೆ ಕಾಣುತ್ತದೆ. ಹೊಳಪಿನ ಹಾಳೆ ಆದರಂತೂ ಇನ್ನೂ ಎದ್ದು ಕಾಣುತ್ತದೆ.

ತಮ್ಮ ಆ ತುದಿ ಹಿಡಿದಿದ್ದಾನೆ. ಹಿಂಬದಿಯಿಂದ ಶುರು ಮಾಡಿದ್ದೇವೆ, ಯಾಕೆ ಅಂದರೆ ನೀರು ಮುಂದಿನಿಂದ ಹಿಂದಕ್ಕೆ ಹರಿಯುತ್ತದೆ. ಮುಂದಿನ ತುಂಡು ಹಿಂದಿನದರ ಮೇಲೆ ಹತ್ತಿರಬೇಕು, ಮೀನಿನ ಹುರುಪೆ ಹಾಗೆ. ಉಲ್ಟಾ ಆದರೆ ಪ್ರತಿ ಅಲೆಯೂ ಅಂಚಿನ ಕೆಳಗೆ ಉಗುರು ಹಾಕುತ್ತದೆ.

ಈ ಹಸಿರು ಟೇಪ್ ನೋಡಿ, ಹತ್ತಿರ ತೋರಿಸುತ್ತೇನೆ. ಇದರೊಳಗೆ ಒಂದು ದಾರ ಇದೆ. ಮೊದಲು ಟೇಪ್, ಅದರ ಮೇಲೆ ವಿನೈಲ್. ಆಮೇಲೆ ದಾರದ ತುದಿ ಹಿಡಿದು ಎಳೆದರೆ ಹಾಳೆ ನೇರವಾಗಿ ಸೀಳಿಕೊಂಡು ಬರುತ್ತದೆ. ಬ್ಲೇಡ್ ಮುಟ್ಟುವುದೇ ಇಲ್ಲ. ಬ್ಲೇಡ್‌ನಲ್ಲಿ ಕತ್ತರಿಸಿದರೆ ಜೆಲ್‌ಕೋಟ್ ಮೇಲೂ ಗೀರು ಬೀಳುತ್ತದೆ, ಆ ಗೀರಿನಲ್ಲಿ ನೀರು ನಿಲ್ಲುತ್ತದೆ. ಸರ್‌ರ್ ಅಂತ ಬರುವ ಆ ಸದ್ದು ನನಗೆ ತುಂಬಾ ಇಷ್ಟ. ಇನ್ನೊಮ್ಮೆ ಎಳೆಯುತ್ತೇನೆ, ಕೇಳಿ.

ಇನ್ನೊಂದು ವಿಷಯ ನೆನಪಾಯಿತು. ಈ ಮೆತ್ತನೆಯ ವಿನೈಲ್ ಬಂದದ್ದು 1926ರಲ್ಲಿ. ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿಯಲ್ಲಿ ವಾಲ್ಡೋ ಸೆಮನ್ ಅನ್ನುವವರು ರಬ್ಬರನ್ನು ಲೋಹಕ್ಕೆ ಹಿಡಿಸುವ ಅಂಟು ಹುಡುಕುತ್ತಿದ್ದರು. ಪಿವಿಸಿಯನ್ನು ದ್ರಾವಕದಲ್ಲಿ ಬಿಸಿ ಮಾಡಿದಾಗ ಸಿಕ್ಕಿದ್ದು ಅಂಟಲ್ಲ, ಬಾಗುವ ಮೆತ್ತನೆಯ ಪ್ಲಾಸ್ಟಿಕ್. ಪಿವಿಸಿಯನ್ನು ಹಾಗೆ ಮೆತ್ತಗೆ ಇಡುವ ವಸ್ತು ವರ್ಷಗಳು ಕಳೆದ ಹಾಗೆ ಮೆಲ್ಲಗೆ ಹೊರಗೆ ಹೋಗುತ್ತದೆ. ಅದಕ್ಕೇ ಹಳೆಯ ಸ್ಟಿಕ್ಕರ್ ಕೀಳುವಾಗ ಚೂರುಚೂರಾಗಿ ಬರುವುದು. ಬೋಟ್ ಮೇಲೆ ಐದರಿಂದ ಏಳು ವರ್ಷ ಅಂತ ಇಟ್ಟುಕೊಳ್ಳಿ. ಇನ್ನೂ ಚೆನ್ನಾಗಿ ಕಾಣುತ್ತದಲ್ಲ ಅಂತ ಬಿಟ್ಟರೆ ಕೀಳುವುದೇ ದೊಡ್ಡ ಶಿಕ್ಷೆ. ಸರಿ, ಶಾಟ್ ಮುಗಿಯುತ್ತಾ ಬಂತು, ಮುಂದೆ ಹೋಗೋಣ.

ಇದು ಮರುದಿನ ಬೆಳಿಗ್ಗೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಒಂದು ಕಡೆ ಪೂರ್ತಿ ಮುಗಿಸಿ ಖುಷಿಯಲ್ಲಿ ಮಲಗಿದ್ದೆ. ತಮ್ಮ ಬಂದು, "ಅಣ್ಣ, ಮೇಲೆ ಎದ್ದಿದೆ ನೋಡು" ಅಂದ. ಬೋಟ್ ಸುತ್ತ ಡಿಕ್ಕಿ ತಡೆಯಲು ಒಂದು ರಬ್ಬರ್ ಪಟ್ಟಿ ಇರುತ್ತದಲ್ಲ, ಅದರ ಕೆಳಗೇ, ಎರಡು ಮಾರು ಉದ್ದಕ್ಕೆ ಹಾಳೆ ನಾಲಿಗೆ ಹಾಗೆ ಹೊರಗೆ ಚಾಚಿತ್ತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹಾಳೆಯೇ ಕಳಪೆ ಅಂದುಕೊಂಡೆ. ವಿನೈಲ್ ಸಹವಾಸ ಸಾಕು, ಪೇಂಟೇ ಸರಿ ಅಂತ ತಮ್ಮನ ಮುಂದೆ ಕೂಗಾಡಿದೆ.

ಅವನು ಮಾತಾಡದೆ ಎದ್ದ ಅಂಚನ್ನು ತಿರುಗಿಸಿ ತೋರಿಸಿದ. ಅಂಟು ಫಳಫಳ ಅಂತಿತ್ತು. ಧೂಳಿನ ಮೇಲೆ ಅಂಟಿಸಿದ್ದರೆ ಬೂದು ಬಣ್ಣ ಹತ್ತಿರಬೇಕಿತ್ತು. ಇಲ್ಲ. ಅಂದರೆ ಅಂಟು ಹಿಡಿಯಲೇ ಇಲ್ಲ. ಬಾಟಲಿಯಿಂದ ಬೋಟ್ ಮೈಗೆ ನೀರು ಚಿಮುಕಿಸಿದೆವು. ಇದನ್ನು ದಯವಿಟ್ಟು ಗಮನವಿಟ್ಟು ನೋಡಿ. ಕೆಳಗೆ ನೀರು ಹಾಳೆ ಹಾಗೆ ಹರಡಿಕೊಂಡು ಇಳಿಯುತ್ತಿದೆ. ಮೇಲೆ, ಪಟ್ಟಿಯ ಪಕ್ಕ ಹೆಬ್ಬೆರಳು ಅಗಲದಲ್ಲಿ ಮಾತ್ರ, ಕೆಸುವಿನ ಎಲೆಯ ಮೇಲಿನ ಹನಿ ಹಾಗೆ ಗುಂಡಗೆ ನಿಂತಿದೆ. ಗುಂಡಗೆ ನಿಂತರೆ ಅಲ್ಲಿ ಮೇಣವೋ ಎಣ್ಣೆಯೋ ಇದೆ ಅಂತಲೇ ಅರ್ಥ. ಈ ಪರೀಕ್ಷೆ ನಾನು ಮೊದಲೂ ಮಾಡಿದ್ದೆ, ಆದರೆ ಮಧ್ಯದಲ್ಲಿ ಮಾತ್ರ.

ಪಟ್ಟಿಯ ಸ್ಕ್ರೂ ಬಿಚ್ಚಿದರೆ ಒಳಗೆಲ್ಲ ಸಿಲಿಕೋನ್. ಹಿಂದೆ ಯಾರೋ ನೀರು ಸೋರಬಾರದು ಅಂತ ತುಂಬಿದ್ದಾರೆ. ಸಿಲಿಕೋನ್‌ನಿಂದ ಎಣ್ಣೆಯಂಥ ಜಿಡ್ಡು ಹೊರಬಂದು ಸುತ್ತ ಹರಡುತ್ತದೆ. ಕಣ್ಣಿಗೆ ಕಾಣದು, ಕೈಗೂ ಗೊತ್ತಾಗದು, ಆಲ್ಕೋಹಾಲ್‌ನಲ್ಲಿ ಒರೆಸಿದರೂ ಹೋಗದು. ನಾನು ಮೇಲಿನಿಂದ ಕೆಳಕ್ಕೆ ಒಂದೇ ಬಟ್ಟೆಯಲ್ಲಿ ಒರೆಸಿದ್ದೆ. ಅಂದರೆ ಜಿಡ್ಡನ್ನು ನಾನೇ ಕೆಳಗೆ ಎಳೆದು ತಂದಿದ್ದೆ.

ಒಂದು ಇಡೀ ದಿನ ಅದಕ್ಕೇ ಹೋಯಿತು. ಪ್ಲಾಸ್ಟಿಕ್ ಸ್ಕ್ರೇಪರ್‌ನಲ್ಲಿ ಕೆರೆದೆವು. ಸಿಲಿಕೋನ್ ತೆಗೆಯುವ ದ್ರವ ಹಚ್ಚಿ, ಪ್ರತಿ ಸಲವೂ ಹೊಸ ಬಟ್ಟೆಯಲ್ಲಿ ಒರೆಸಿದೆವು. ಅದಾದ ಮೇಲೆ ಮಾತ್ರ ಸ್ಯಾಂಡ್‌ಪೇಪರ್. ಮೊದಲೇ ಉಜ್ಜಿದರೆ ಜಿಡ್ಡು ಗೀರುಗಳ ಒಳಗೆ ಸೇರಿಕೊಳ್ಳುತ್ತದೆ. ಮತ್ತೆ ನೀರು ಚಿಮುಕಿಸಿದೆವು, ಮತ್ತೆ ಗುಂಡಗೆ ನಿಂತಿತು. ಮತ್ತೆ ಒರೆಸಿದೆವು. ನಾಲ್ಕನೇ ಸಲಕ್ಕೆ ನೀರು ಹರಡಿಕೊಂಡಿತು. ತಮ್ಮ ಚಪ್ಪಾಳೆ ಹೊಡೆದದ್ದು ಕೇಳಿಸಿತಲ್ಲ?

ಎದ್ದಿದ್ದ ಭಾಗವನ್ನು ನೇರವಾಗಿ ಕತ್ತರಿಸಿ ತೆಗೆದು, ಮೇಲೆ ವಿನೈಲ್‌ನ ಹೊಸ ಪಟ್ಟಿ ಅಂಟಿಸಿದೆವು. ಹೆಂಚು ಹೊದಿಸಿದ ಹಾಗೆ, ಮೇಲಿನದು ಕೆಳಗಿನದರ ಮೇಲೆ. ಹೀಟ್ ಗನ್ ಹಿಡಿದಿರುವುದು ಎಳೆದು ಕೂರಿಸಿದ ಜಾಗಕ್ಕೆ. ಅಲ್ಲಿ 90 ಡಿಗ್ರಿ ದಾಟಿಸಿದರೆ ಹಾಳೆ ತನ್ನ ಹಳೆಯ ಆಕಾರವನ್ನು ಮರೆಯುತ್ತದೆ. ರಬ್ಬರ್ ಪಟ್ಟಿಯ ಒಳಗೆ ಈ ಸಲ ಪಾಲಿಯುರೆಥೇನ್ ಸೀಲೆಂಟ್. ಸಿಲಿಕೋನ್ ಟ್ಯೂಬನ್ನು ಬೋಟ್ ಹತ್ತಿರವೇ ತರಬೇಡಿ.

ನಿನ್ನೆ ಪೇಂಟೇ ಸರಿ ಅಂದೆನಲ್ಲ, ಆ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಅದೇ ಜಿಡ್ಡಿನ ಮೇಲೆ ಪೇಂಟ್ ಹೊಡೆದಿದ್ದರೆ ಬಣ್ಣ ಅಲ್ಲಲ್ಲಿ ಹಿಂದೆ ಸರಿದು ಮೀನಿನ ಕಣ್ಣಿನ ಹಾಗೆ ಗುಳಿ ಬೀಳುತ್ತಿತ್ತು. ಒಣಗಿದ ಮೇಲೆ ಉಜ್ಜಿ ತೆಗೆದು ಮತ್ತೆ ಹೊಡೆಯಬೇಕಿತ್ತು. ಇಲ್ಲಿ ಹಾಳೆಯ ಒಂದು ಪಟ್ಟಿ ಬದಲಾಯಿಸಿದೆವು, ಅಷ್ಟೆ. ಆದರೆ ಮರದ ಹಲಗೆಯ ಬೋಟ್ ಇರುವವರು ಇದನ್ನು ನೋಡಿ ಆಸೆ ಪಡಬೇಡಿ. ಮರ ಒದ್ದೆಯಾಗಿ ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಹಾಳೆ ಹಾಕಿ ಮುಚ್ಚಿದರೆ ತೇವ ಒಳಗೇ ಉಳಿದು ಮರ ಕೊಳೆಯುತ್ತದೆ. ಅದಕ್ಕೆ ಪೇಂಟೇ ಬೇಕು.

ನೀರಿನ ಗೆರೆಯ ಕೆಳಗೂ ಹಾಕಬಹುದಾ ಅಂತ ಕೇಳುವವರಿದ್ದೀರಿ. ನೋಡಿ, ನಾನು ಗೆರೆಗಿಂತ ನಾಲ್ಕು ಬೆರಳು ಮೇಲೇ ನಿಲ್ಲಿಸಿದ್ದೇನೆ. ಸದಾ ನೀರಿನಲ್ಲೇ ಇರುವ ಬೋಟ್‌ಗೆ ಕೆಳಗೆ ತಾಮ್ರ ಇರುವ ಪೇಂಟ್ ಬೇಕು. ಅದು ಮೆಲ್ಲಗೆ ಕರಗುತ್ತಾ ಪಾಚಿ, ಚಿಪ್ಪು ಹಿಡಿಯದ ಹಾಗೆ ತಡೆಯುತ್ತದೆ. ಸಾಮಾನ್ಯ ವಿನೈಲ್‌ಗೆ ಆ ಗುಣ ಇಲ್ಲ. ಗಂಟೆಗಟ್ಟಲೆ ನೀರಿನಲ್ಲಿ ನೆನೆದರೆ ಅಂಚಿನ ಅಂಟೂ ಸೋಲುತ್ತದೆ. ಪ್ರೆಶರ್ ವಾಷರ್ ಹಿಡಿಯುವಾಗಲೂ ಅಂಚಿಗೆ ಓರೆಯಾಗಿ, ಹತ್ತಿರದಿಂದ ಹೊಡೆಯಬೇಡಿ.

ಬೆಳಕು ಇಳಿಯುತ್ತಿದೆ. ಅಂಟು ಪೂರ್ತಿ ಗಟ್ಟಿಯಾಗಲಿ ಅಂತ ಈ ಕಡೆಯನ್ನು ಎರಡು ದಿನ ಹಾಗೇ ಬಿಡುತ್ತೇವೆ, ನೀರಿಗೆ ಇಳಿಸುವುದಿಲ್ಲ. ತಮ್ಮ ಆ ಕಡೆಯಿಂದ ಕೂಗುತ್ತಿದ್ದಾನೆ, ಅಲ್ಲಿನ ರಬ್ಬರ್ ಪಟ್ಟಿಯನ್ನೂ ಬಿಚ್ಚಿದ್ದಾನಂತೆ, ಅಲ್ಲೂ ಸಿಲಿಕೋನ್. ನೀರಿನ ಬಾಟಲಿ, ಹೊಸ ಬಟ್ಟೆ ತೆಗೆದುಕೊಂಡು ಹೋಗುತ್ತೇನೆ. ಆ ಕಡೆಯದ್ದನ್ನು ಮುಂದಿನ ವಿಡಿಯೋದಲ್ಲಿ ನೋಡೋಣ.