ಯಾರ ಮಗ ಇವ್ನು?

ಹೋದ ದೀಪಾವಳಿಗೆ ದಾವಣಗೆರೆ ಮನೇಲಿ, ಹಾಲ್‌ನ ಟಿವಿಗೆ ಲ್ಯಾಪ್‌ಟಾಪ್ ಸಿಗಿಸಿ ಸ್ಕೈರಿಮ್ ಹಾಕ್ಕೊಂಡು ಕೂತಿದ್ದೆ. 2011ರ ಗೇಮು. ಎಷ್ಟನೇ ಸಲ ಅಂತ ಕೇಳಬೇಡಿ. ಹಿಂದೆ ದಿವಾನದ ಮೇಲೆ ನಮ್ಮಜ್ಜ. ಮುಂದೆ ಮಂಡಕ್ಕಿ ತಟ್ಟೆ, ಪಕ್ಕದಲ್ಲಿ ಪೇಪರ್ ಮೇಲೆ ಎರಡು ಮೆಣಸಿನಕಾಯಿ. ಎಣ್ಣೆ ಪೇಪರ್ ದಾಟಿ ಹೊಸ ಬೆಡ್‌ಶೀಟಿಗೆ ಇಳೀತಿತ್ತು. ನಾನು ನೋಡಿದ್ರೂ ಹೇಳಲಿಲ್ಲ.

ಆಟ ಹೆಂಗೆ ಶುರುವಾಗುತ್ತೆ ಅಂತ ಆಡಿದವರಿಗೆ ಗೊತ್ತು. ಕೈ ಕಟ್ಟಿ ಕುದುರೆ ಗಾಡೀಲಿ ಕೂರಿಸ್ಕೊಂಡು ಹೋಗ್ತಾರೆ, ತಲೆ ಕಡಿಯೋಕೆ. ಗಾಡಿ ಇಳಿದ ಮೇಲೆ ಒಬ್ಬ ಸಿಪಾಯಿ ಪಟ್ಟಿ ಹಿಡ್ಕೊಂಡು ಒಬ್ಬೊಬ್ಬರದೇ ಹೆಸರು ಕೂಗ್ತಾನೆ. ನಮ್ಮ ಸರದಿ ಬಂದಾಗ ನಿಂತು 'ಯಾರು ನೀನು?' ಅಂತಾನೆ. ಅಷ್ಟಕ್ಕೇ ನಮ್ಮ ಪಾತ್ರದ ರೂಪ ಆರಿಸೋ ಮೆನು ತೆರ್ಕೊಳುತ್ತೆ. ಹತ್ತು ಜನಾಂಗ, ಹುಬ್ಬು, ದವಡೆ, ಗಾಯದ ಗುರುತು.

ನಾನು ಮೂಗು ತಿದ್ದುತ್ತಾ ಇದ್ದೆ. ಅಜ್ಜ ಕೇಳ್ದ, 'ಯಾರ ಮಗ ಇವ್ನು?'

'ಗೊತ್ತಿಲ್ಲ ಅಜ್ಜ.'

'ಯಾವೂರು?'

'ಅದೂ ಹೇಳಲ್ಲ.'

'ಮತ್ತೆ ಯಾಕೆ ಕಡಿಯಾಕ್ ಕರ್ಕೊಂಡ್ ಬಂದಾರೆ?'

'ಗಡಿ ದಾಟೋವಾಗ ಸಿಕ್ಕಾಕ್ಕೊಂಡಿದಾನೆ.'

'ಯಾಕ್ ದಾಟ್ತಿದ್ದ?'

ನಾನು ಸುಮ್ಮನಾದೆ. ಅಜ್ಜ ಮೆಣಸಿನಕಾಯಿ ತುದಿ ಕಚ್ಚಿ, 'ಅಪ್ಪ ಇಲ್ಲ, ಊರಿಲ್ಲ, ಮೂಗು ಮಾತ್ರ ಇಷ್ಟೊತ್ತು ತಿದ್ತೀಯಲ್ಲಲೇ' ಅಂದ.

ಇನ್ನೂ ಮಜಾ ಏನಂದ್ರೆ, ಮೂಗು ತಿದ್ದಿ ಮುಗಿಸಿ ಹೆಸರು ಕೊಟ್ರೆ, ಆ ಸಿಪಾಯಿ ಪಟ್ಟಿ ನೋಡಿ 'ಇವನ ಹೆಸರೇ ಇದರಲ್ಲಿಲ್ಲ' ಅಂತಾನೆ. ಅವನ ಮೇಲಿನ ಅಧಿಕಾರಿ, ಪಟ್ಟಿ ಬಿಡು, ಕಡೀರಿ ಅಂತಾಳೆ. ಅಜ್ಜ ಆಗ ನಕ್ಕ. ರೇಷನ್ ಪಟ್ಟಿಯಿಂದ ಒಮ್ಮೆ ಹೆಸರು ಬಿಟ್ಟುಹೋಗಿ ಅಲೆದವನು ಅವನು. ಹೆಸರಿಲ್ಲದೇ ಇದ್ರೆ ಅಕ್ಕಿ ಮಾತ್ರ ಸಿಗಲ್ಲ, ಪೆಟ್ಟು ಸಿಗುತ್ತೆ ಅಂತ ಅವನಿಗೆ ಗೊತ್ತು.

ಅಜ್ಜನ ಪ್ರಶ್ನೆ ತಲೇಲಿ ಉಳ್ಕೊಂಡ್ತು. ನಮ್ಮ ಕಡೆ ಬಸ್ಸಲ್ಲಿ ಪಕ್ಕ ಕೂತವರು, ದೋಸೆ ಹೋಟೆಲಲ್ಲಿ ಅದೇ ಟೇಬಲ್ಲಿಗೆ ಬಂದು ಕೂತವರು, ಯಾರೇ ಆಗಲಿ, ಬೆಣ್ಣೆ ಕರಗೋದ್ರೊಳಗೆ ಯಾವೂರು, ಯಾರ ಪೈಕಿ ಅಂತ ಕೇಳಿ ಮುಗಿಸಿರ್ತಾರೆ. ಅಜ್ಜ ವಯಸ್ಸಿನಲ್ಲಿ ಬಯಲಾಟದಲ್ಲಿ ಸಾರಥಿ ಪಾತ್ರ ಮಾಡ್ತಿದ್ದ. ರಾಜ ಕಿರೀಟ ಹಾಕ್ಕೊಂಡು, ಹಲಗೆ ಮುರಿಯೋ ಹಂಗೆ ಕುಣಿದು ಬಂದ್ರೂ ಸಾರಥಿ ಮೊದಲು ತಡೆದು ತಮ್ಮ ನಾಮಾಂಕಿತವೇನು ಅಂತ ಕೇಳಬೇಕು. ರಾಜ ತನ್ನ ಊರು, ವಂಶ, ಪರಾಕ್ರಮ ಎಲ್ಲಾ ಒಪ್ಪಿಸಬೇಕು. ಆಮೇಲೇ ಆಟ. ಅಂಥವನಿಗೆ ಈ ಗೇಮು ಅರ್ಧಂಬರ್ಧ ಕಂಡಿದ್ರಲ್ಲಿ ಆಶ್ಚರ್ಯ ಇಲ್ಲ.

ಚಿತ್ರದುರ್ಗದ ನನ್ನ ಫ್ರೆಂಡ್‌ಗೆ ಈ ಕಥೆ ಹೇಳಿದೆ. ನಗ್ತಾನೆ ಅಂದ್ಕೊಂಡಿದ್ದೆ. ನಗಲಿಲ್ಲ. 'ನಿಮ್ಮಜ್ಜನಿಗೇನು, ಕೇಳೋ ಕಡೆ ಕೂತಿದಾನೆ. ಯಾರ ಪೈಕಿ ಅಂದ್ರೆ ಏನು ಕೇಳ್ತಿದಾರೆ ಅಂತ ನಿಂಗೂ ಗೊತ್ತು, ನಂಗೂ ಗೊತ್ತು. ನಾನು ಬಾಡಿಗೆ ರೂಮ್ ಹುಡುಕೋವಾಗ ಎಷ್ಟು ಕಡೆ ಆ ಪ್ರಶ್ನೆ ಆದ್ಮೇಲೆ ರೂಮ್ ಖಾಲಿ ಇಲ್ಲ ಅಂದಿದಾರೆ ಗೊತ್ತಾ? ಸ್ಕೈರಿಮಲ್ಲಿ ನಾನು ಯಾವೂರಿಗಾದ್ರೂ ಹೋಗ್ತೀನಿ, ಯಾರೂ ನಮ್ಮಪ್ಪನ ಹೆಸರು ಕೇಳಲ್ಲ. ಅದಕ್ಕೇ ಆಡೋದು' ಅಂದ.

ಇದಕ್ಕೆ ನನ್ನ ಹತ್ರ ಎದುರುತ್ತರ ಇರಲಿಲ್ಲ, ಈಗಲೂ ಇಲ್ಲ. ಹಿಂಗೆ ಹಿನ್ನೆಲೆ ಇಲ್ಲದ ಖಾಲಿ ಪಾತ್ರ ಕೊಡೋದು ಗೇಮ್ ಬರೆಯೋರ ಸೋಮಾರಿತನ ಅಂತ ನಾನು ಮೊದಲು ಹೇಳ್ತಿದ್ದೆ. ಆ ಮಾತು ವಾಪಸ್ ತಗೊಂಡಿದೀನಿ.

ಪಾತ್ರ ಪೂರ್ತಿ ಖಾಲಿ ಬಿಡೋ ಗೇಮುಗಳಿವೆ, ಮೊದಲೇ ಗಟ್ಟಿ ಮಾಡಿ ಕೊಡೋ ಗೇಮುಗಳಿವೆ. ಆದ್ರೆ ನನಗೆ ಸಿಟ್ಟು ಬರೋದು ಮೂರನೇ ಥರದ ಗೇಮುಗಳ ಮೇಲೆ. ಹಿನ್ನೆಲೆ ನೀವೇ ಆರಿಸ್ಕೊಳ್ಳಿ ಅಂತ ಅರ್ಜಿ ಫಾರಂ ಕೊಡ್ತವೆ, ತುಂಬಿ ಕೊಟ್ಮೇಲೆ ಯಾರೂ ಓದಲ್ಲ. 2020ರ ಸೈಬರ್‌ಪಂಕ್ 2077 ತಗೊಳ್ಳಿ. ನೋಮ್ಯಾಡ್ ಅಂದ್ರೆ ಅಲೆಮಾರಿ, ಬೀದಿ ಹುಡುಗ, ಕಾರ್ಪೋ ಅಂದ್ರೆ ದೊಡ್ಡ ಕಂಪನಿ ನೌಕರ, ಮೂರು ದಾರಿ. ಕಾರ್ಪೋ ಆದ್ರೆ ದೊಡ್ಡ ಕಂಪನಿ ಕಟ್ಟಡದ ವಾಶ್‌ಬೇಸಿನ್ನಲ್ಲಿ ವಾಂತಿ ಮಾಡ್ಕೊಳ್ತಾ ಶುರು. ಅಬ್ಬಾ, ಎಂಥಾ ಶುರು! ಅರ್ಧ ಗಂಟೆ ಆಗಿದೆಯೋ ಇಲ್ವೋ, ಕೆಲಸ ಹೋಯ್ತು, ಜ್ಯಾಕಿ ಅನ್ನೋ ಗೆಳೆಯನ ಜೊತೆ ತಿಂಗಳುಗಟ್ಟಲೆ ಕಳೆದಿದ್ದನ್ನ ಸಿನಿಮಾ ಹಾಡಿನ ಥರ ಸರಸರ ತೋರಿಸಿಬಿಟ್ರು. ಅಲ್ಲಿಂದಾಚೆ ಮೂರೂ ದಾರಿ ಸೇರಿ ಒಂದೇ ರಸ್ತೆ. ದಾರಿಗೊಂದು ಸೈಡ್ ಜಾಬ್, ಅಂದ್ರೆ ಮುಖ್ಯ ಕಥೆ ಆಚೆಗಿನ ಕೆಲಸ, ಬೇರೆಬೇರೆ ಇರುತ್ತೆ, ಅಲ್ಲಲ್ಲಿ ಕಾರ್ಪೋ ಗುರುತಿನ ಮಾತುಗಳು ಬರ್ತವೆ. ಹೇಳಿದ್ರೂ ಸರಿ, ಬಿಟ್ರೂ ಸರಿ, ಹೆಚ್ಚು ಕಡೆ ಎದುರಿನವನು ಮುಂಚೆ ಏನ್ ಮಾಡ್ತಿದ್ನೋ ಅದನ್ನೇ ಮಾಡ್ತಾನೆ. ನಾನು ಇದ್ದ ಆಫೀಸು, ನಾನು ಹಾಳು ಮಾಡಿದ ಜನ ಎಲ್ಲಿ ಹೋದ್ರು? ನನ್ನ ಹಿನ್ನೆಲೆ ನನಗೆ ಮಾತ್ರ ನೆನಪಿದೆ.

ಇದನ್ನ ಮಾಡಕ್ಕಾಗಲ್ಲ ಅಂತಲ್ಲ. 2009ರಲ್ಲೇ ಡ್ರ್ಯಾಗನ್ ಏಜ್: ಆರಿಜಿನ್ಸ್ ಮಾಡಿ ತೋರಿಸ್ತು. ಆರು ಹುಟ್ಟು, ಒಂದೊಂದಕ್ಕೂ ಬೇರೆಯೇ ಮೊದಲ ಅಧ್ಯಾಯ. ಅದರಲ್ಲಿ ಓರ್ಜಮಾರ್ ಅಂತ ನೆಲದಡಿಯ ಕುಳ್ಳರ ಊರಿದೆ, ಹುಟ್ಟಿದ ಜಾತಿಯೇ ಎಲ್ಲಾ. ನೀವು ಅಲ್ಲಿ ರಾಜನ ಮಗನಾಗಿ ಹುಟ್ಟಬಹುದು. ಇಲ್ಲಾ ಯಾವ ಜಾತಿಗೂ ಸೇರದವನಾಗಿ ಹುಟ್ಟಬಹುದು, ಆಗ ಮುಖದ ಮೇಲೇ ಗುರುತು ಹಾಕಿರ್ತಾರೆ. ಎರಡೂ ಕಥೇಲಿ ಊರು ನಿಮ್ಮನ್ನ ಆಚೆ ತಳ್ಳುತ್ತೆ. ಎಷ್ಟೋ ಗಂಟೆ ಆಟ ಆದ್ಮೇಲೆ, ಎಲ್ಲಾ ಮರೆತಿರೋ ಹೊತ್ತಿಗೆ, ಕೆಲಸದ ಮೇಲೆ ಅದೇ ಊರಿಗೆ ವಾಪಸ್ ಹೋಗಬೇಕಾಗುತ್ತೆ.

ನಾನು ಮೊದಲ ಸಲ ರಾಜಕುಮಾರನಾಗಿ ಹೋಗಿದ್ದೆ. ಸಿಂಹಾಸನಕ್ಕೆ ಹೊಡೆದಾಡ್ತಿರೋನು ಭೇಲೆನ್, ನನ್ನ ಸ್ವಂತ ತಮ್ಮ. ಅಣ್ಣನ ಕೊಲೆ ನನ್ನ ತಲೆಗೆ ಕಟ್ಟಿ ಊರು ಬಿಡಿಸಿದವನು. ಅವನ ಮುಖ ಕಂಡಾಗ ಕೈಯಲ್ಲಿದ್ದ ಕಂಟ್ರೋಲರ್ ಬಿಗಿಯಾಯ್ತು. ಎರಡನೇ ಸಲ ಜಾತಿ ಇಲ್ಲದವನಾಗಿ ಹೋದೆ. ಅದೇ ಅರಮನೆ, ಅದೇ ಭೇಲೆನ್. ಆದ್ರೆ ಈ ಸಲ ಬಾಗಿಲಲ್ಲಿ ನಿಂತಿರೋಳು ನನ್ನ ಅಕ್ಕ ರಿಕಾ, ಒಳ್ಳೇ ಬಟ್ಟೆ ಹಾಕ್ಕೊಂಡಿದಾಳೆ. ಅವಳಿಗೊಂದು ಗಂಡು ಮಗು. ಭೇಲೆನ್‌ದು. ಹೋದ ಸಲ ನಾನು ಕಡಿದು ಹಾಕ್ಬೇಕು ಅಂದ್ಕೊಂಡಿದ್ದ ಮನುಷ್ಯ ಈ ಸಲ ಭಾವನ ಥರ ನಿಂತಿದಾನೆ, ನಮ್ಮಮ್ಮ, ನಮ್ಮಕ್ಕ ಅವನ ಅನ್ನ ತಿಂತಿದಾರೆ. ಅವನ ಬುದ್ಧಿ ಏನೂ ಬದಲಾಗಿಲ್ಲ. ನಾನು ಯಾರ ಮಗ ಅನ್ನೋದೊಂದು ಬದಲಾಗಿದೆ, ಅಷ್ಟಕ್ಕೇ ಯಾರ ಪರ ನಿಲ್ಲಬೇಕು ಅನ್ನೋದು ತಲೆಕೆಳಗಾಯ್ತು. ಆ ರಾತ್ರಿ ಆಟ ಅಲ್ಲೇ ನಿಲ್ಲಿಸಿ ಮಲಗಿದೆ.

ಇದಕ್ಕೆ ಖರ್ಚು ಜಾಸ್ತಿ, ಒಪ್ತೀನಿ. ಆರು ಅಧ್ಯಾಯ ಬರೆದು, ಒಬ್ಬ ಆಟಗಾರನಿಗೆ ಒಂದು ಸಲಕ್ಕೆ ಕಾಣೋದು ಒಂದೇ. ಮಾಸ್ ಎಫೆಕ್ಟ್ ಗೇಮಲ್ಲಿ ನಾವಾಡೋ ಪಾತ್ರ ಶೆಪರ್ಡ್‌ಗೆ ಮೂರು ಬಾಲ್ಯ, ಮೂರು ಮಿಲಿಟರಿ ಚರಿತ್ರೆ. ಬೀದೀಲಿ ಬೆಳೆದವನು ಅಂತ ಆರಿಸಿದ್ರೆ ಹಳೇ ಗ್ಯಾಂಗಿನವನೊಬ್ಬ ಬಂದು ಕೆಲಸ ಹೇಳ್ತಾನೆ. ಅಷ್ಟಾದ್ರೂ ಮಾಡಿದಾರಲ್ಲ, ಪರವಾಗಿಲ್ಲ.

ಪಾತ್ರ ಮೊದಲೇ ಗಟ್ಟಿಯಾಗಿದ್ರೆ ಅದು ನಮ್ಮ ಆಟ ಅಲ್ಲ, ಬೇರೆಯವನ ಕಥೆ ಅನ್ನೋರಿಗೆ ನಾನು ಡಿಸ್ಕೋ ಎಲಿಸಿಯಂ ಆಡಿಸ್ತೀನಿ. 2019ರದ್ದು. ಪೊಲೀಸಿನವನೊಬ್ಬ ಕಂಠಪೂರ್ತಿ ಕುಡಿದು ಬಿದ್ದು, ಲಾಡ್ಜ್ ರೂಮಲ್ಲಿ ಎದ್ದಾಗ ತನ್ನ ಹೆಸರೇ ಮರೆತಿರ್ತಾನೆ. ಅವನ ಮಟ್ಟಿಗೆ ಅವನು ಪೂರ್ತಿ ಖಾಲಿ. ಆದ್ರೆ ಊರು ಮರೆತಿಲ್ಲ! ಕೆಳಗಿಳಿದು ಬಂದ ಕೂಡಲೇ ಮ್ಯಾನೇಜರ್ 130 ರಿಯಾಲ್ ಬಾಕಿ ಕೇಳ್ತಾನೆ, ರೂಮಲ್ಲಿ ಒಡೆದಿದ್ದೂ ಸೇರಿ. ಜೇಬಲ್ಲಿ ಕಾಸಿಲ್ಲ. ತಾನು ಯಾರು ಅಂತ ಅವನಿಗೆ ಗೊತ್ತಾಗೋದು ತಾನು ಯಾರ್ಯಾರಿಗೆ ಏನೇನು ಮಾಡಿದೀನಿ ಅಂತ ಬೇರೆಯವರ ಬಾಯಲ್ಲಿ ಕೇಳಿ. ಮುಂದೆ ಎಂಥಾ ಮನುಷ್ಯ ಆಗಬೇಕು ಅನ್ನೋದು ಮಾತ್ರ ನಮ್ಮ ಕೈಲಿ. ವಿಚರ್ 3 ಗೇಮಿನ ನಾಯಕ ಗೆರಾಲ್ಟ್ ಬಗ್ಗೆ ಹೆಚ್ಚು ಹೇಳಲ್ಲ, ಎಲ್ಲರೂ ಹೇಳಿದಾರೆ. ಹಳ್ಳಿ ಜನ ಅವನ ಮುಖ ಕಂಡ್ರೆ ಉಗೀತಾರೆ, ಅದೇ ಜನ ದೆವ್ವ ಹೊಡಿಸೋಕೆ ಚೌಕಾಸಿಗೆ ಬರ್ತಾರೆ. ಅದು ಸಾಕು ನನಗೆ.

ಚಿತ್ರದುರ್ಗದ ಕೋಟೆ ನೋಡೋಕೆ ಹೋದಾಗೆಲ್ಲಾ ನಾನು ಓಬವ್ವನ ಕಿಂಡಿ ಹತ್ರ ಇದನ್ನೇ ಯೋಚಿಸೋದು. ಗಂಡ ಕಾವಲುಗಾರ, ಊಟಕ್ಕೆ ಬಂದಿದಾನೆ, ಇವಳು ನೀರಿಗೆ ಅಂತ ಹೋದಾಗ ಹೈದರನ ಸೈನಿಕರು ಕಿಂಡೀಲಿ ನುಸುಳೋದು ಕಾಣುತ್ತೆ. ಕೈಗೆ ಸಿಕ್ಕಿದ್ದು ಒನಕೆ. ಈ ಕಥೆನ ಗೇಮ್ ಮಾಡಿ, ಮೊದಲ ಪರದೇಲಿ ಯೋಧೆ, ಮಾಂತ್ರಿಕೆ, ಬಿಲ್ಗಾರ್ತಿ ಅಂತ ಮೂರು ಬಟನ್ ಇಟ್ರೆ ಏನು ಉಳಿಯುತ್ತೆ? ಭತ್ತ ಕುಟ್ಟೋ ಮನೆಯವಳು ಆಗಿದ್ದಕ್ಕೇ ಅವಳ ಕೈಲಿ ಕತ್ತಿ ಇರಲಿಲ್ಲ.

ಅಜ್ಜನ ವಿಷಯಕ್ಕೆ ಬರ್ತೀನಿ. ಸ್ಕೈರಿಮ್ ಮುಚ್ಚಿ, ಮಾರನೇ ದಿನ ಕಿಂಗ್‌ಡಮ್ ಕಮ್: ಡೆಲಿವರೆನ್ಸ್ ಹಾಕಿದೆ. ಇಸವಿ 1403, ಯುರೋಪಿನ ಬೊಹೀಮಿಯಾದ ಸ್ಕಾಲಿಟ್ಸ್ ಅನ್ನೋ ಊರು. ನಾವು ಹೆನ್ರಿ. ಬದಲಾಯಿಸೋ ಹಾಗೇ ಇಲ್ಲ. ಅಕ್ಷರ ಬರಲ್ಲ ಅವನಿಗೆ. ಪುಸ್ತಕ ತೆಗೆದ್ರೆ ಪರದೆ ಮೇಲೆ ಅಕ್ಷರಗಳೆಲ್ಲಾ ಕಲಸಿ ಕಾಣ್ತವೆ, ಆಮೇಲೆ ಯಾವಾಗಲೋ ಒಬ್ಬ ಬರಹಗಾರನ ಹತ್ರ ಕೂತು ಕಲೀಬೇಕು. ಅಜ್ಜ ಮೂರನೇ ಕ್ಲಾಸಿಗೆ ಸ್ಕೂಲ್ ಬಿಟ್ಟವನು, ಅದನ್ನ ನೋಡಿ ಕನ್ನಡಕ ಸರಿ ಮಾಡ್ಕೊಂಡು ಮುಂದಕ್ಕೆ ಬಂದು ಕೂತ.

'ಯಾರ ಮಗ?'

'ಕಮ್ಮಾರನ ಮಗ ಅಜ್ಜ.'

'ಹಾಂ, ಹಂಗ್ ಹೇಳು.'

ಮೊದಲನೇ ಬೆಳಗ್ಗೆ ಅಪ್ಪ ಕೆಲಸ ಹೇಳಿ ಕಳಿಸ್ತಾನೆ. ಇದ್ದಿಲು ತಗೊಂಡು ಬಾ, ಬಿಯರ್ ತಗೊಂಡು ಬಾ. ದುಡ್ಡಿಗೆ ಏನ್ ಮಾಡೋದು? ಕುನೇಶ್ ಅಂತ ಕುಡುಕ ಒಬ್ಬ ಕೊಡಲಿ, ಸುತ್ತಿಗೆ, ಮೊಳೆ ಎಲ್ಲಾ ಸಾಲಕ್ಕೆ ಒಯ್ದು ದುಡ್ಡು ಕೊಟ್ಟಿಲ್ಲ, ಅವನ ಹತ್ರ ವಸೂಲಿ ಮಾಡು. ನಾನು ಹೋಗಿ ಜೋರು ಮಾಡಿದೆ. ಕುನೇಶ್ ಹಿಡಿದು ಚೆನ್ನಾಗಿ ಬಾರಿಸಿದ. ನಾಲ್ಕು ಸಲ ಮುಖಕ್ಕೆ ಬಿತ್ತು, ನೆಲ ಹಿಡಿದೆ. ಅಜ್ಜನಿಗೆ ತಡಿಯಕ್ಕಾಗಲಿಲ್ಲ, 'ಎದ್ದೇಳಲೇ, ಅವರಪ್ಪನ ದುಡ್ಡು ಅದು' ಅಂತ ಕೂಗಿದ.

ಮುಂದೆ ಆ ಊರಿಗೆ ಏನಾಗುತ್ತೆ ಅಂತ ಅಜ್ಜನಿಗೆ ಹೇಳಿಲ್ಲ. ಫೋನ್ ಮಾಡಿದಾಗೆಲ್ಲಾ ಊಟ ಆಯ್ತಾ ಅಂತ ಕೇಳ್ತಾನೆ, ಆಮೇಲೆ ದನಿ ತಗ್ಗಿಸಿ, 'ಆ ಮೊಳೆ ದುಡ್ಡು ಕೊಟ್ನಾ ಅವ್ನು?' ಅಂತಾನೆ.